ಮಕ್ಕಳ ಮಾತಿಗೊಂದು ಕೋಣೆ: ಶಾಲೆಯ ಹಿತೈಷಿಗಳಲ್ಲಿ ದೇಣಿಗೆ ಮನವಿ

ಶಿಡ್ಲಘಟ್ಟದ ಮಹಾಜನರಿಗೆ, ನಮ್ಮ ಶಾಲೆಯಲ್ಲಿ ಓದಿ ಈಗ ಚಿಂತಾಮಣಿ, ಕೋಲಾರ, ಬೆಂಗಳೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಹಾಗೂ ಪೋಷಕ ಬಂಧುಗಳಿಗೆ ಟ್ರಸ್ಟಿನ ಪರವಾಗಿ ನಮಸ್ಕಾರಗಳು.

ನಮ್ಮ ಅನುದಾನಿತ ಪ್ರೌಢಶಾಲೆಗೆ ನೀವು ಈವರೆಗೆ ಕೊಟ್ಟಿರುವುದೆಲ್ಲ ಕಣ್ಣಿಗೆ ಕಾಣುವಂತಿದೆ. ತರಗತಿಯ ಫ್ಯಾನುಗಳ ರೆಕ್ಕೆಯ ಮೇಲೆ, ಬೆಂಚುಗಳ ಬೆನ್ನಿನ ಮೇಲೆ, ಕುಡಿಯುವ ನೀರಿನ ತೊಟ್ಟಿಗೆ ಹಾಕಿಸಿದ ಗ್ರಾನೈಟ್ ಕಲ್ಲಿನ ಮೇಲೆ ದಾನಿಗಳ ಹೆಸರುಗಳಿವೆ. ಆ ಹೆಸರುಗಳನ್ನು ಓದುತ್ತಲೇ ನಮ್ಮ ಎಷ್ಟೋ ಮಕ್ಕಳು ಪಾಠದ ನಡುವೆ ಬೇಸರ ಕಳೆದಿದ್ದಾರೆ. ಈ ಸಲ ನಾವು ಕೈಯೊಡ್ಡುತ್ತಿರುವ ಕೆಲಸಕ್ಕೆ ಹೆಸರು ಕೆತ್ತಿಸಲು ಜಾಗವಿಲ್ಲ. ಸಹಪಾಠಿಗಳಿಂದಲೇ ದಿನವೂ ಕಿರುಕುಳಕ್ಕೆ ಒಳಗಾಗುವ ಮಕ್ಕಳ ಮಾತನ್ನು ಕೇಳಲು ಒಬ್ಬ ಆಪ್ತಸಮಾಲೋಚಕರನ್ನು ನೇಮಿಸಿಕೊಳ್ಳುವುದು, ಅವರಿಗೊಂದು ಕೋಣೆ ಸಿದ್ಧಪಡಿಸುವುದು, ನಮ್ಮ ಶಿಕ್ಷಕರಿಗೂ ಮಕ್ಕಳಿಗೂ ಈ ವಿಷಯದಲ್ಲಿ ತರಬೇತಿ ಕೊಡಿಸುವುದು ನಮ್ಮ ಉದ್ದೇಶ. ಇದು ಏಕೆ ಬೇಕಾಯಿತೆಂಬುದನ್ನು ನಿಮ್ಮಿಂದ ಮುಚ್ಚಿಡದೆ ಹೇಳಬೇಕಾಗಿದೆ.

ಎರಡು ವರ್ಷಗಳ ಹಿಂದೆ ಒಂಬತ್ತನೇ ತರಗತಿಯಲ್ಲಿದ್ದ ಒಬ್ಬ ಹುಡುಗನ ವಿಷಯವನ್ನು, ಅವನ ಮತ್ತು ಅವನ ತಂದೆತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ. ಅವನ ಮನೆಯವರದು ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸ. ಇರುವುದು ಒಂದೇ ಕೋಣೆಯ ಮನೆ; ಗೋಡೆಯ ಆಚೆಗೇ ಗೂಡು ಬೇಯಿಸುವ ಒಲೆ, ಈಚೆಗೆ ಅವನ ಹಾಸಿಗೆ, ಪುಸ್ತಕದ ಚೀಲ, ಗೂಟಕ್ಕೆ ನೇತುಹಾಕಿದ ಸಮವಸ್ತ್ರ. ಬೆಂದ ಗೂಡಿನ ವಾಸನೆ ಎಂಥದೆಂದು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ಎಷ್ಟು ಒಗೆದರೂ ಅದು ಬಟ್ಟೆ ಬಿಟ್ಟು ಹೋಗುವುದಿಲ್ಲ. ನಮ್ಮೂರಿನ ಅರ್ಧ ಮನೆಗಳ ಅನ್ನ ಹುಟ್ಟುವುದೂ ಅದೇ ವಾಸನೆಯ ನಡುವೆ. ಆದರೂ ತರಗತಿಯಲ್ಲಿ ಅವನಿಗೆ ‘ಪ್ಯೂಪಾ’, ಅಂದರೆ ಗೂಡಿನೊಳಗಿನ ಹುಳು, ಎಂದು ಹೆಸರಿಟ್ಟರು. ಅವನು ಬಾಗಿಲ ಬಳಿ ಬಂದೊಡನೆ ಐದಾರು ಹುಡುಗರು ಒಟ್ಟಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾಲ್ವರು ಕೂರುವ ಬೆಂಚಿನಲ್ಲಿ ಅವನೊಬ್ಬನೇ ಉಳಿದ. ಬಿಸಿಯೂಟದ ಸಾಲಿನಲ್ಲಿ ಅವನ ಹಿಂದೆ ನಿಂತವರು ಎರಡು ಮಾರು ದೂರ ನಿಲ್ಲುತ್ತಿದ್ದರು. ಅವನ ಮುಖವನ್ನು ಹುಳುವಿನ ಮೈಗೆ ಅಂಟಿಸಿದ ಒಂದು ಚಿತ್ರವನ್ನು ಯಾರೋ ಮಾಡಿ, ತರಗತಿಯ ಹುಡುಗರೇ ಕಟ್ಟಿಕೊಂಡಿದ್ದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಆಮೇಲೆ ಅದು ಶಾಲೆಯ ಗಂಟೆ ಹೊಡೆದ ಮೇಲೂ, ರಾತ್ರಿ ಅವನು ಅಪ್ಪನ ಫೋನು ತೆಗೆದಾಗಲೂ ಅವನ ಕಣ್ಣೆದುರಿಗೆ ಬರುತ್ತಿತ್ತು.

ಆ ವರ್ಷದ ಹಾಜರಿ ಪುಸ್ತಕವನ್ನು ಈಗ ತೆರೆದು ನೋಡಿದರೆ ಎಲ್ಲವೂ ಅದರಲ್ಲೇ ಇದೆ. ಜುಲೈನಲ್ಲಿ ಎರಡು ದಿನ ಗೈರು, ಆಗಸ್ಟಿನಲ್ಲಿ ಐದು ದಿನ, ಸೆಪ್ಟೆಂಬರಿನಲ್ಲಿ ಒಂಬತ್ತು ದಿನ. ರಜೆ ಚೀಟಿಗಳಲ್ಲಿ ಪ್ರತಿ ಸಲವೂ ಹೊಟ್ಟೆನೋವೆಂದೇ ಬರೆದಿತ್ತು. ಅದು ಸುಳ್ಳಲ್ಲ, ಬೆಳಿಗ್ಗೆ ಶಾಲೆಯ ಹೊತ್ತಾದೊಡನೆ ಅವನಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತಿತ್ತೆಂದು ತಾಯಿ ಆಮೇಲೆ ಹೇಳಿದರು.

ಆ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿದ್ದವನು ನಾನೇ. “ಹುಡುಗ್ರಲ್ವೇನಮ್ಮಾ, ಎಲ್ಲಾ ಸರಿಹೋಗುತ್ತೆ” ಎಂದು ಸಮಾಧಾನ ಹೇಳಿ ಕಳಿಸಿದೆ. ಮರುದಿನ ಅವನನ್ನೂ ಅವನನ್ನು ರೇಗಿಸುತ್ತಿದ್ದವರನ್ನೂ ಒಟ್ಟಿಗೆ ಕರೆಸಿ ವಿಚಾರಿಸಿದೆ. “ತಮಾಷೆಗೆ ಸಾರ್” ಎಂದರು ಅವರು. “ಹೌದಾ?” ಎಂದು ಅವನನ್ನು ಕೇಳಿದೆ. ಅವನು ನೆಲ ನೋಡುತ್ತಾ “ಹೌದು ಸಾರ್, ತಮಾಷೆಗೆ” ಎಂದ. ಐವರ ನಡುವೆ ಒಬ್ಬನನ್ನು ನಿಲ್ಲಿಸಿ ಕೇಳಿದರೆ ಬೇರೆ ಏನು ಉತ್ತರ ಬಂದೀತು? ಕೈಕುಲುಕಿಸಿ ಕಳಿಸಿದೆ. ಅಂದಿನಿಂದ ಅವನಿಗೆ ‘ಚಾಡಿಕೋರ’ ಎಂಬ ಎರಡನೆಯ ಹೆಸರೂ ಅಂಟಿಕೊಂಡಿತು, ಅವನು ಯಾರ ಹತ್ತಿರವೂ ಬಾಯಿ ಬಿಡದಾದ. ಮೂವತ್ತು ವರ್ಷ ಪಾಠ ಮಾಡಿದ್ದ ನನಗೆ ಈ ವಿಷಯದಲ್ಲಿ ಏನೂ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಇಬ್ಬರು ಸಮಾನರು ಜಗಳವಾಡಿದರೆ ರಾಜಿ ಮಾಡಿಸಬಹುದು. ಒಬ್ಬನ ಮೇಲೆ ಹಲವರು ಬಿದ್ದಾಗ ಎದುರುಬದುರು ನಿಲ್ಲಿಸಿ ರಾಜಿ ಮಾಡಿಸಿದರೆ ಅದು ಮತ್ತೊಂದು ಪೆಟ್ಟಾಗುತ್ತದೆ.

ಕೊನೆಗೆ ಅದನ್ನು ನಿಲ್ಲಿಸಿದವರು ನಾವಲ್ಲ. ದಸರಾ ರಜೆ ಮುಗಿದು ಶಾಲೆ ತೆರೆದ ವಾರ, ಕಬಡ್ಡಿ ತಂಡದ ಒಬ್ಬ ಹುಡುಗ ಗಣಿತದ ಪಾಠದ ನಡುವೆ ತನ್ನ ಚೀಲ ಎತ್ತಿಕೊಂಡು ಹೋಗಿ ಆ ಖಾಲಿ ಬೆಂಚಿನಲ್ಲಿ ಕುಳಿತ. ಮೇಷ್ಟ್ರು ಯಾಕೆಂದು ಕೇಳಿದ್ದಕ್ಕೆ “ಇವತ್ತಿಂದ ಇಲ್ಲೇ ಕೂರ್ತೀನಿ ಸಾರ್” ಎಂದನಂತೆ, ಅಷ್ಟೇ. ವಾರದೊಳಗೆ ಇನ್ನಿಬ್ಬರು ಅಲ್ಲಿಗೆ ಬಂದರು. ಮೂಗು ಮುಚ್ಚುವುದು ತಾನಾಗಿ ನಿಂತಿತು. ಕಿರುಕುಳ ಅನುಭವಿಸಿದ ಆ ಹುಡುಗ ಎಸ್‌ಎಸ್‌ಎಲ್‌ಸಿ ಮುಗಿಸಿ ಈಗ ಐಟಿಐಗೆ ಹೋಗುತ್ತಿದ್ದಾನೆ. ಆದರೆ ಹಾಗೆ ಎದ್ದುಬಂದು ಕೂರುವ ಒಬ್ಬ ಹುಡುಗ ಪ್ರತಿ ತರಗತಿಯಲ್ಲೂ ಇದ್ದೇ ಇರುತ್ತಾನೆಂದು ನಂಬಿಕೊಂಡು ಶಾಲೆ ನಡೆಸಲಾಗದು.

ನಿವೃತ್ತನಾಗಿ ಟ್ರಸ್ಟಿನ ಕಾರ್ಯದರ್ಶಿಯಾದ ಮೇಲೆ ಈ ವಿಷಯವನ್ನು ಹಟ ಹಿಡಿದು ಓದಿದೆ. ನಾರ್ವೆಯಲ್ಲಿ ಮೂವರು ಬಾಲಕರು ಪ್ರಾಣ ಕಳೆದುಕೊಂಡ ಆಘಾತದ ನಂತರ 1983ರಲ್ಲಿ ದೇಶದ ಶಾಲೆಗಳಲ್ಲೆಲ್ಲ ಕಿರುಕುಳ ತಡೆಯುವ ಆಂದೋಲನ ಆರಂಭವಾಯಿತು. ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅದಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವವನಿಗೆ ಎದುರು ನಿಲ್ಲುವಷ್ಟು ಬಲವಿಲ್ಲದಿರುವುದು, ಈ ಮೂರೂ ಸೇರಿದರೆ ಅದು ತಮಾಷೆಯಲ್ಲ, ಕಿರುಕುಳವೇ ಎಂಬ ಅವರ ವಿವರಣೆಯನ್ನು ನಾನು ಮೊದಲೇ ಓದಿದ್ದರೆ ಆ ದಿನ ಕೈಕುಲುಕಿಸುತ್ತಿರಲಿಲ್ಲ. ಕೆನಡಾದ ಸಂಶೋಧಕರು ಪ್ರಾಥಮಿಕ ಶಾಲೆಗಳ ಮೈದಾನದಲ್ಲಿ ಮಕ್ಕಳನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ಕಬಡ್ಡಿ ಹುಡುಗ ಮಾಡಿದ್ದನ್ನೇ ಅಂಕಿಗಳಲ್ಲಿ ಹೇಳುತ್ತದೆ. ಇಂಥ ಪ್ರಸಂಗಗಳಲ್ಲಿ ಶೇ. 88ರಷ್ಟು ಸಲ ಬೇರೆ ಮಕ್ಕಳು ಅಲ್ಲೇ ಇದ್ದರು, ಆದರೆ ಅವರು ನಡುವೆ ಬಂದದ್ದು ಶೇ. 19ರಷ್ಟು ಸಲ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಅಂದರೆ ಶೇ. 57ರಷ್ಟು ಸಲ, ಕಿರುಕುಳ ಹತ್ತು ಸೆಕೆಂಡಿನೊಳಗೆ ನಿಂತಿತು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನಾ ಸಾಲ್ಮಿವಲ್ಲಿ ಅವರ ತಂಡ ರೂಪಿಸಿದ ‘ಕಿವಾ’ ಎಂಬ ಕಾರ್ಯಕ್ರಮವೂ ನಿಂತು ನೋಡುವ ಮಕ್ಕಳನ್ನೇ ಮುಖ್ಯವಾಗಿ ಹಿಡಿದುಕೊಂಡಿದೆ. ನಗುವವರಿದ್ದರೆ ರೇಗಿಸುವವನಿಗೆ ಹುರುಪು; ಯಾರೂ ನಗದಿದ್ದರೆ ಅವನ ಆಟ ಅಲ್ಲಿಗೇ ಸಪ್ಪೆಯಾಗುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಸದ್ದೇ ಇರುವುದಿಲ್ಲ. ಗುಂಪಿನವರೆಲ್ಲ ಸೇರಿ ಒಬ್ಬಳ ಜೊತೆ ‘ಟೂ’ ಬಿಡುತ್ತಾರೆ. ತಿಂಗಳುಗಟ್ಟಲೆ ಅವಳೊಂದಿಗೆ ಯಾರೂ ಮಾತಾಡುವುದಿಲ್ಲ, ನೋಟ್ಸ್ ಕೊಡುವುದಿಲ್ಲ. ಮನೆಯಲ್ಲಿ ತೆಲುಗೋ ಉರ್ದುವೋ ಆಡಿ ಬಂದ ಹುಡುಗಿ ಕನ್ನಡದ ಒಂದು ಪದ ತಪ್ಪಿದರೆ ಆ ಪದವೇ ಅವಳ ಅಡ್ಡಹೆಸರಾಗುತ್ತದೆ. ಅವಳ ಬಗ್ಗೆ ಒಂದು ಸುಳ್ಳು ಸುದ್ದಿಯೋ ತಿದ್ದಿದ ಫೋಟೊವೋ ಹರಿದಾಡಿದರೆ, ಮನೆಗೆ ಗೊತ್ತಾದೊಡನೆ ಶಾಲೆ ಬಿಡಿಸುತ್ತಾರೆಂಬ ಭಯಕ್ಕೆ ಅವಳು ಅದನ್ನು ನುಂಗಿಕೊಳ್ಳುತ್ತಾಳೆ. ಅವಳ ಭಯ ಆಧಾರವಿಲ್ಲದ್ದಲ್ಲ. ತಪ್ಪು ಮಾಡಿದವರು ಶಾಲೆಯಲ್ಲೇ ಉಳಿದು ನೊಂದ ಹುಡುಗಿ ಮನೆಗೆ ಹೋದದ್ದನ್ನು ನಾನು ನೋಡಿದ್ದೇನೆ. ಮನೆಯವರಿಗೆ ಹೇಳುವ ಮೊದಲು ಅವಳು ಹೇಳಿಕೊಳ್ಳಬಲ್ಲ ಒಬ್ಬ ಹಿರಿಯ ಹೆಣ್ಣುಮಗಳು ಶಾಲೆಯೊಳಗೆ ಇರಬೇಕೆಂಬುದು ಈ ಮನವಿಯ ಮುಖ್ಯ ಕಾರಣಗಳಲ್ಲಿ ಒಂದು.

“ನಮ್ಮ ಕಾಲದಲ್ಲಿ ನಮಗೂ ರೇಗಿಸಿದ್ದರು, ನಾವು ಬದುಕಲಿಲ್ಲವೇ?” ಎಂದು ನಮ್ಮ ಟ್ರಸ್ಟಿನ ಸಭೆಯಲ್ಲೇ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬದುಕಿದವರು ಮಾತ್ರ ಸಭೆಗೆ ಬಂದು ಹೀಗೆ ಹೇಳಬಲ್ಲರು. ಎಂಟನೇ ತರಗತಿಯಲ್ಲೇ ಶಾಲೆ ಬಿಟ್ಟು ಹೋದವರ ಹೆಸರು ನಮ್ಮ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲೂ ಇಲ್ಲ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಓದಿನ ಆಸೆಗೆ ಬೆಂಗಳೂರಿಗೆ ನಡೆದೇ ಹೋದರೆಂಬುದನ್ನು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಈಗ ಬಸ್ಸಿದೆ, ಸೈಕಲ್ ಇದೆ, ಬಿಸಿಯೂಟವಿದೆ. ಆದರೂ ಮಗು ಗೇಟಿನ ತನಕ ಬಂದು ಹಿಂದಿರುಗುತ್ತದೆ ಎಂದರೆ ಅದನ್ನು ತಡೆದದ್ದು ಗೇಟಿನ ಒಳಗಿದೆ.

ಕಾನೂನಿನ ಆಸರೆ ಇಲ್ಲವೆಂದಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆ, 1983 ರ‍್ಯಾಗಿಂಗನ್ನು ದಂಡನೀಯವಾಗಿಸಿದೆ. ಕಿರುಕುಳ ಲೈಂಗಿಕ ಸ್ವರೂಪದ್ದಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು, ಅದನ್ನು ಶಾಲೆಯೊಳಗೇ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿ 1098 ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಮಾನಸಿಕ ನೆರವು ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಈ ಎರಡು ಸಂಖ್ಯೆಗಳನ್ನು ಪ್ರತಿ ತರಗತಿಯ ಗೋಡೆಗೆ ಬರೆಸಿದ್ದೇವೆ. ಆದರೆ ಫೋನು ಕೈಯಲ್ಲಿಲ್ಲದ, ಇದ್ದರೂ ಮಾಡಲು ಅಂಜುವ ಮಗುವಿಗೆ ಆ ಸಂಖ್ಯೆಯವರೆಗೆ ಕೈಹಿಡಿದು ಕರೆದೊಯ್ಯುವ ಒಬ್ಬರು ಬೇಕು.

ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷದಿಂದ ತರಬೇತಿ ಪಡೆದ ಮಹಿಳಾ ಆಪ್ತಸಮಾಲೋಚಕರೊಬ್ಬರನ್ನು ವಾರಕ್ಕೆ ಎರಡು ದಿನ ಶಾಲೆಗೆ ಕರೆಸಲು ನಿರ್ಧರಿಸಿದ್ದೇವೆ. ಭೇಟಿಯೊಂದಕ್ಕೆ ಪ್ರಯಾಣವೂ ಸೇರಿ 1,500 ರೂಪಾಯಿಯಂತೆ, 40 ವಾರಗಳಿಗೆ 1,20,000 ರೂಪಾಯಿ ಬೇಕು. ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಉಗ್ರಾಣವನ್ನು ತೆರವು ಮಾಡಿ, ಸುಣ್ಣ ಬಳಿಸಿ, ಹಿಂದಿನ ಗೋಡೆಗೊಂದು ಬಾಗಿಲು ಇಡಿಸಲು 40,000 ರೂಪಾಯಿಯ ಅಂದಾಜಿದೆ. ಹಿಂದಿನ ಬಾಗಿಲೇಕೆಂದು ಮೇಸ್ತ್ರಿಯೂ ಕೇಳಿದರು: ಸಮಾಲೋಚಕರ ಕೋಣೆಗೆ ಹೋಗುವ ಮಗುವನ್ನು ಇಡೀ ಜಗಲಿ ನೋಡುವಂತಿದ್ದರೆ ಮೊದಲ ವಾರದ ಮೇಲೆ ಯಾವ ಮಗುವೂ ಹೋಗುವುದಿಲ್ಲ. ಶಿಕ್ಷಕರ ಜೊತೆಗೆ ಅಡುಗೆಯವರು, ಕಾವಲುಗಾರರು, ವ್ಯಾನಿನ ಚಾಲಕರಿಗೂ ಎರಡು ದಿನಗಳ ತರಬೇತಿ ನಡೆಸಲು 30,000 ರೂಪಾಯಿ ಬೇಕು. ನಲ್ಲಿಯ ಬಳಿ, ಶೌಚಾಲಯದ ಹಿಂದೆ, ವ್ಯಾನಿನ ಕೊನೆಯ ಸೀಟಿನಲ್ಲಿ ನಡೆಯುವುದನ್ನು ಮೇಷ್ಟ್ರುಗಳಿಗಿಂತ ಮೊದಲು ಕಾಣುವವರು ಇವರೇ. ವೈದ್ಯರ ನೆರವು ಬೇಕಾದ ಮಗುವನ್ನು ಪೋಷಕರೊಂದಿಗೆ ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳಿಸಲು, ಅಂದಿನ ಕೂಲಿ ನಷ್ಟವನ್ನೂ ತುಂಬಿಕೊಡಲು 30,000 ರೂಪಾಯಿ ತೆಗೆದಿಡುತ್ತೇವೆ. ಒಟ್ಟು 2,20,000 ರೂಪಾಯಿಯಲ್ಲಿ ಟ್ರಸ್ಟಿನ ಸದಸ್ಯರೂ ಶಿಕ್ಷಕರೂ ಸೇರಿ 60,000 ರೂಪಾಯಿ ಕೂಡಿಸಿದ್ದೇವೆ. ಉಳಿದ 1,60,000 ರೂಪಾಯಿಗಾಗಿ ನಿಮ್ಮ ಬಳಿ ಬಂದಿದ್ದೇವೆ.

ಹಣದ ಜೊತೆಗೆ ನಡವಳಿಕೆಯೂ ಬದಲಾಗಬೇಕೆಂದು ಕೆಲವು ಕಟ್ಟುಪಾಡುಗಳನ್ನು ಬರೆದುಕೊಂಡಿದ್ದೇವೆ. ದೂರು ಬಂದರೆ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುವುದು, ಬರೆದಿಡುವುದು, ಎರಡು ವಾರ ಬಿಟ್ಟು ನೊಂದ ಮಗುವನ್ನು ಮತ್ತೆ ಕರೆದು ನಿಂತಿದೆಯೇ ಎಂದು ವಿಚಾರಿಸುವುದು. ಪ್ರಾರ್ಥನೆಯ ವೇಳೆ ಎಲ್ಲರೆದುರು ಕ್ಷಮೆ ಕೇಳಿಸುವುದಿಲ್ಲ, ಬೆತ್ತ ಹಿಡಿಯುವುದಿಲ್ಲ. ಕಿರುಕುಳ ಕೊಟ್ಟ ಮಗುವೂ ನಮ್ಮದೇ. ಅದರ ಮನೆಯಲ್ಲಿ ಏನಾಗುತ್ತಿದೆಯೆಂದು ಕೇಳಿದ ಮೇಲೆಯೇ ಮುಂದಿನ ಕ್ರಮ. ಶಿಕ್ಷಕರು ಮಕ್ಕಳನ್ನು ಜಾತಿ, ಬಣ್ಣ, ಮೈಕಟ್ಟು, ಮನೆಯ ಕಸುಬು ಹಿಡಿದು ಕರೆಯುವಂತಿಲ್ಲವೆಂಬುದು ಇದರಲ್ಲಿ ಮೊದಲನೆಯದು. ಆ ಹುಡುಗ ಒಳಗೆ ಬಂದಾಗ “ಕಿಟಕಿ ತೆಗೀರೋ” ಎಂದು ಒಮ್ಮೆ ಹೇಳಿ ತರಗತಿಯನ್ನು ನಗಿಸಿದ್ದವರು ನಮ್ಮಲ್ಲೇ ಒಬ್ಬರು, ಮತ್ತು ಅವರು ಈಗ ತರಬೇತಿಗೆ ಮೊದಲು ಹೆಸರು ಕೊಟ್ಟಿದ್ದಾರೆ.

ನಿಮ್ಮಿಂದಾದಷ್ಟು ಕೊಡಿ. 1,500 ರೂಪಾಯಿ ಕೊಟ್ಟರೆ ಸಮಾಲೋಚಕರ ಒಂದು ದಿನ ನಿಮ್ಮದಾಗುತ್ತದೆ, 3,000 ಕೊಟ್ಟರೆ ಒಂದು ವಾರ. ನೂರು ರೂಪಾಯಿಗೂ ರಸೀದಿ ಬರೆಯುತ್ತೇವೆ. ದೇಣಿಗೆಯನ್ನು ಟ್ರಸ್ಟಿನ ಹೆಸರಿಗೆ ಚೆಕ್ ಮೂಲಕ, ಬ್ಯಾಂಕ್ ವರ್ಗಾವಣೆಯ ಮೂಲಕ ಅಥವಾ ಶಾಲೆಯ ಕಚೇರಿಯಲ್ಲಿ ನಗದಾಗಿ ಸಲ್ಲಿಸಬಹುದು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ವಿನಾಯಿತಿ ಬೇಕಾದವರು ಬ್ಯಾಂಕಿನ ಮೂಲಕವೇ ಕಳಿಸಬೇಕಾಗಿ ವಿನಂತಿ. ಖರ್ಚಿನ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇವೆ. ಆದರೆ ಯಾವ ಮಗುವಿಗೆ ನೆರವಾಯಿತೆಂದು ಯಾವ ದಾನಿಗೂ, ಎಷ್ಟೇ ದೊಡ್ಡ ಮೊತ್ತ ಕೊಟ್ಟವರಿಗೂ ಹೇಳುವುದಿಲ್ಲ. ಇದನ್ನು ತಾವು ಒಪ್ಪುವಿರೆಂದು ನಂಬಿದ್ದೇವೆ.

ಮನೆಯಲ್ಲಿ ಕೊಡಲು ಹಣವಿಲ್ಲದವರು ಸಂಕೋಚಪಡಬೇಡಿ. ಆ ಕೋಣೆಗೆ ಎರಡು ಕುರ್ಚಿ, ಒಂದು ಚಾಪೆ, ಒಂದು ನೀರಿನ ಹೂಜಿ, ಬಾಗಿಲಿಗೊಂದು ದಪ್ಪ ಪರದೆ ಬೇಕಾಗಿವೆ. ಮೇ ಕೊನೆಯಲ್ಲಿ ಶಾಲೆ ತೆರೆಯುವಷ್ಟರಲ್ಲಿ ಕೋಣೆ ಸಿದ್ಧವಾಗಬೇಕಿದೆ. ಉಗ್ರಾಣದ ಬೆಂಚುಗಳನ್ನು ಹೊರಗೆ ಸಾಗಿಸಲು ಭಾನುವಾರಗಳಲ್ಲಿ ಬೆಳಿಗ್ಗೆ ಎಂಟರಿಂದ ನಾವು ಶಾಲೆಯಲ್ಲೇ ಇರುತ್ತೇವೆ, ಕೈಜೋಡಿಸಬಲ್ಲವರು ಬನ್ನಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಶಾಲಾ ಟ್ರಸ್ಟ್
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ