ಈಸ್ಟರ್ ಊಟಕ್ಕೆ ಏನು ಮಾಡೋಣ, ದೋಸ್ತ?

ಧಾರವಾಡ
ಮಾರ್ಚ್ 22, 2026

ಪ್ರೀತಿಯ ದೋಸ್ತ,

ನಿನ್ನ ಮೆಸೇಜ್ ನೋಡಿದೆ. "ಈ ಸಲ ಅವ್ವನೂ ಬರ್ತಾಳ, ಈಸ್ಟರ್ ಊಟಕ್ಕ ಏನ್ ಮೆನು?" ಅಂತ ಒಂದೇ ಸಾಲು. ನೀನು ಸುಮ್ನೆ ಕೇಳಿರಬಹುದು. ಇಲ್ಲಿ ಮಾತ್ರ ಅದರ ಮೇಲೆ ಮನೆಮಂದಿಯೆಲ್ಲ ಕೂತು ಮಾತಾಡಿದ್ದಾಯಿತು, ಇನ್ನೂ ಮುಗಿದಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಪತ್ರ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಯಾಕೆಂದರೆ ಈ ಪ್ರಶ್ನೆ ನಿನ್ನೊಬ್ಬನದಲ್ಲ. ಕ್ರಿಸ್‌ಮಸ್ ಅಂದರೆ ಕೇಕು, ಕರ್ಚಿಕಾಯಿ, ಚಕ್ಕಲಿ ಅಂತ ಊರಿಗೆಲ್ಲ ಗೊತ್ತು. ಈಸ್ಟರ್‌ಗೆ ನೀವು ಏನು ಮಾಡ್ತೀರಿ ಅಂತ ಓಣಿಯವರೂ ಕೇಳುತ್ತಾರೆ.

ಇಂಥದ್ದೇ ಮಾಡಬೇಕು ಅಂತ ಏನೂ ಇಲ್ಲ. ಬಾಸೆಲ್ ಮಿಷನ್ನಿನವರು, ಹೆಚ್ಚಾಗಿ ಜರ್ಮನ್ ಪಾದ್ರಿಗಳು, ಧಾರವಾಡಕ್ಕೆ ಬಂದದ್ದು 1837ರಲ್ಲಿ. ಶಾಲೆ ತೆರೆದರು, ಹಾಡು ಕಲಿಸಿದರು, ಕಿಟೆಲ್ ಸಾಹೇಬರು 1894ರಲ್ಲಿ ಅಷ್ಟು ದೊಡ್ಡ ನಿಘಂಟು ಕೊಟ್ಟರು. ಆದರೆ ನಮ್ಮ ಮನೆಯ ಒಲೆಯ ಹತ್ತಿರ ಅವರ ಆಟ ನಡೆದಿಲ್ಲ ನೋಡು. ಹಬ್ಬದ ಊಟದಲ್ಲಿ ಜರ್ಮನಿಯದು ಒಂದು ಚಮಚವೂ ಇಲ್ಲ. ರೊಟ್ಟಿ, ಮಟನ್, ಎಣಗಾಯಿ, ಹಿಂಡಿ, ಮೊಸರು. ಒಳ್ಳೆಯದೇ ಆಯಿತು.

ಹಾಗಾದರೆ ಸಭೆ ಯಾಕೆ ಅಂತೀಯಾ? ತೊಂದರೆ ಇರುವುದು ತಾರೀಖಿನಲ್ಲಿ. ಕ್ರಿಸ್‌ಮಸ್ ಹಾಗೆ ಈಸ್ಟರ್ ಒಂದೇ ದಿನ ಬರುವುದಿಲ್ಲ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬೀಳಬಹುದು. ಹೋದ ವರ್ಷ ಏಪ್ರಿಲ್ 20ಕ್ಕೆ ಇತ್ತು. ಈ ವರ್ಷ ಏಪ್ರಿಲ್ 5ಕ್ಕೆ. ನಿಮ್ಮ ಅವ್ವಾರು ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದವನದ ಹುಣ್ಣಿಮೆ ಗುರುವಾರ, ಮರುದಿನವೇ ನಮ್ಮ ಶುಭ ಶುಕ್ರವಾರ. ಒಂದೇ ಚಂದ್ರ ಇಬ್ಬರಿಗೂ ದಿನ ಗೊತ್ತು ಮಾಡಿದ್ದಾನೆ. ಸವದತ್ತಿ ಮುಗಿಸಿಕೊಂಡು ಅವರು ಆರಾಮಾಗಿ ಧಾರವಾಡಕ್ಕೆ ಬರಬಹುದು.

ಈ ಹದಿನೈದು ದಿನದ ಹಿಂದು ಮುಂದು ಅಡುಗೆಗೆ ದೊಡ್ಡ ಮಾತು. ಏಪ್ರಿಲ್ 20 ಅಂದರೆ ಕೆಲಗೇರಿ ಕಡೆಯ ಆಪುಸ್ ಹಣ್ಣಿನ ಆಸೆ ಇಟ್ಟುಕೊಳ್ಳಬಹುದು. ಏಪ್ರಿಲ್ 5ಕ್ಕೆ ಅದು ಇನ್ನೂ ಗಿಡದಲ್ಲಿ ಕಾಯಿ. ಪೇಟೆಯಲ್ಲಿ ಹಳದಿ ಬಣ್ಣದ್ದು ಸಿಗುತ್ತದೆ, ಇಲ್ಲ ಅಂತಲ್ಲ. ಆದರೆ ಒತ್ತಾಯದಿಂದ ಹಣ್ಣು ಮಾಡಿದ್ದನ್ನು ತಂದು ಸೀಕರಣೆ ಮಾಡುವುದಕ್ಕಿಂತ ಮಾಡದೆ ಇರುವುದೇ ಮೇಲು. ಹಾಗಾಗಿ ಈ ವರ್ಷ ಮಾವಿನಕಾಯಿಯ ಈಸ್ಟರ್. ಚಿತ್ರಾನ್ನಕ್ಕೂ ಮಾವಿನಕಾಯಿ, ಕೋಸಂಬರಿಗೂ ಮಾವಿನಕಾಯಿ. ಹುಳಿ ಜಾಸ್ತಿ ಆಯಿತು ಅನ್ನಬೇಡ, ಆ ಬಿಸಿಲಿಗೆ ಹುಳಿಯೇ ನಾಲಗೆಗೆ ಇಳಿಯುವುದು.

ಬಿಸಿಲು ಅಂದೆನಲ್ಲ, ಅದು ಇನ್ನೊಂದು. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಕೂತರೆ ಹೊರಗೆ 36, 37 ಡಿಗ್ರಿ. ಪುಣೆಯಲ್ಲಿ ಎಸಿ ಹಾಕಿಕೊಂಡು ಬಿರಿಯಾನಿ ಹೊಡೆಯುವ ನಿನಗೆ ಇದು ನೆನಪಿದೆಯೋ ಇಲ್ಲವೋ. ಜೊತೆಗೆ ನಳದ ಲೆಕ್ಕ. ನಮ್ಮ ಓಣಿಗೆ ನೀರು ಒಮ್ಮೆ ಬಂದರೆ ಮತ್ತೆ ಬರುವತನಕ ಬ್ಯಾರಲ್ ನೋಡಿಕೊಂಡೇ ಬದುಕು. ಹದಿನಾಲ್ಕು ಮಂದಿ ಉಂಡ ಪಾತ್ರೆ ತೊಳೆಯುವುದಕ್ಕೆ ನೀರು ಎಲ್ಲಿಂದ ತರಲಿ? ಅದಕ್ಕೆ ತಟ್ಟೆ ಬೇಡ ಅಂತ ಮೊದಲೇ ತೀರ್ಮಾನ ಆಯಿತು. ಬಾಳೆಎಲೆ ಸಿಕ್ಕರೆ ಬಾಳೆಎಲೆ, ಇಲ್ಲದಿದ್ದರೆ ಮುತ್ತಲ ಎಲೆಯ ಪತ್ರಾವಳಿ. ಎಲೆಗೆ ತಕ್ಕಂತೆ ಅಡುಗೆ. ಹರಿದು ಹೋಗುವಂಥ ತೆಳ್ಳನೆಯ ಪಲ್ಯ ಒಂದೂ ಇಲ್ಲ.

ಮೂರನೆಯದು ಹೊತ್ತು. ಈಸ್ಟರ್ ಆರಾಧನೆ ನಸುಕಿನಲ್ಲೇ. ಹೆಂಗಸರು ನಸುಕಿನಲ್ಲಿ ಸಮಾಧಿಗೆ ಹೋಗಿ ನೋಡಿದಾಗ ಅದು ಖಾಲಿ ಇತ್ತು ಅಂತ ಸುವಾರ್ತೆಯಲ್ಲಿ ಇದೆಯಲ್ಲ, ಅದೇ ಹೊತ್ತಿಗೆ ನಾವೂ ಸೇರುತ್ತೇವೆ. ನಾಲ್ಕಕ್ಕೆ ಎದ್ದು, ಐದಕ್ಕೆ ಚರ್ಚಿನಲ್ಲಿ ಇದ್ದು, ಅಪ್ಪನ ಸಮಾಧಿಗೆ ಹೂವು ಇಟ್ಟು ಮನೆಗೆ ಬರುವಾಗ ಏಳು ಹೊಡೆದಿರುತ್ತದೆ. ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ, ನಮ್ಮವ್ವ ಆರಾಧನೆಯಲ್ಲಿ ಕೂತರೂ ಅವಳ ಜೀವ ಬೇಳೆ ನೆನೆಹಾಕಿದ್ದರ ಮೇಲೇ. ಊಟಕ್ಕೂ ಎಲ್ಲರೂ ಎದ್ದ ಮೇಲೇ ಕೂರುವುದು. ಈ ವರ್ಷ ಅದು ನಡೆಯಬಾರದು ಅಂತ ನನ್ನ ಹಟ. ಏನು ಮಾಡುತ್ತೇವೆ ಅನ್ನುವುದಕ್ಕಿಂತ, ಒಂದು ಗಂಟೆಗೆ ಅವ್ವ ಮತ್ತು ನನ್ನ ಹೆಂಡತಿ ಇಬ್ಬರೂ ಪಂಕ್ತಿಯಲ್ಲಿ ಕೂತಿರಬೇಕು. ಆ ಹೊತ್ತಿಗೆ ಒಲೆ ಮೇಲೆ ಏನನ್ನೂ ಬಿಸಿಬಿಸಿ ತೆಗೆಯಬೇಕಾದ್ದು ಇರಬಾರದು. ಮೆನು ಆಗಿದ್ದು ಇದರ ಮೇಲೆ.

ಮೊದಲು ಬಿದ್ದುಹೋದದ್ದು ಪೂರಿ. ನಂತರ ಮಿರ್ಚಿ ಭಜಿ. ಆಮೇಲೆ ಬಿಸಿ ರೊಟ್ಟಿ. ರೊಟ್ಟಿಗೆ ದೊಡ್ಡ ಜಗಳವೇ ಆಯಿತು. "ಹಬ್ಬದ ದಿನ ಬಂದವರಿಗೆ ಖಡಕ್ ರೊಟ್ಟಿ ಮುರದು ಹಾಕ್ತೀಯೇನ? ಏನ್ ಅಂದಾರು ಮಂದಿ?" ಅಂತ ಅವ್ವ. ನಾನು ಹೇಳಿದೆ, ಅವ್ವಾ, ಬಿಸಿ ರೊಟ್ಟಿ ಬೇಕಂದರೆ ಒಬ್ಬರು ಹಂಚಿನ ಮುಂದೆ ಕೂರಲೇಬೇಕು, ಆ ಒಬ್ಬರು ಯಾರು ಹೇಳು? ಅವಳು ಉತ್ತರ ಕೊಡಲಿಲ್ಲ. ಅಂದರೆ ಒಪ್ಪಿದಳು ಅಂತ. ಖಡಕ್ ರೊಟ್ಟಿ ಮಾಡಿ ಮಾರುವ ಅಕ್ಕ ನಮ್ಮ ಹಿಂದಿನ ಓಣಿಯಲ್ಲೇ ಇದ್ದಾಳೆ. ಶನಿವಾರ ತಂದಿಟ್ಟರೆ ಆಯಿತು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು.

ಇನ್ನು ಮಟನ್. ಇದು ಬೇಕೇ ಬೇಕು, ಯಾಕೆಂದರೆ ಅವ್ವ ಬೂದಿ ಬುಧವಾರದಿಂದ ಮಾಂಸ ಮುಟ್ಟಿಲ್ಲ. ಈಸ್ಟರ್ ಮುಂಚಿನ ಉಪವಾಸ ಫೆಬ್ರವರಿ 18ಕ್ಕೆ, ಆ ದಿನವೇ ಶುರುವಾಗಿದ್ದು. ಭಾನುವಾರಗಳನ್ನು ಬಿಟ್ಟು 40 ದಿನ ಅಂತ ಲೆಕ್ಕ, ಅವಳು ಭಾನುವಾರವನ್ನೂ ಬಿಡುವುದಿಲ್ಲ. ನಾನು ಅಷ್ಟು ಗಟ್ಟಿ ಇಲ್ಲ, ನಿನಗೆ ಗೊತ್ತಿದ್ದದ್ದೇ. ತಿನ್ನುವವರು ಒಂಬತ್ತು ಮಂದಿ. ತಲೆಗೆ ಕಾಲು ಕಿಲೋ ಲೆಕ್ಕದಲ್ಲಿ ಎಲುಬು ಸಹಿತ ಎರಡೂವರೆ ಕಿಲೋ ಸಾಕು. ತೊಡೆ ಬೇಡ, ಮುಂಗಾಲು ಮತ್ತು ಎದೆಯ ಕಡೆಯದು. ತೊಡೆಯ ತುಂಡು ನೋಡಲು ಚೆಂದ, ಸಾರಿಗೆ ಅದರಿಂದ ಏನೂ ಇಳಿಯುವುದಿಲ್ಲ.

ಒಂದೇ ಪಾತ್ರೆಯಲ್ಲಿ ಎರಡು ಅಡುಗೆ. ಮಟನ್‌ಗೆ ಅರಿಶಿನ, ಉಪ್ಪು, ಶುಂಠಿ ಬೆಳ್ಳುಳ್ಳಿ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ನೀರು ಜಾಸ್ತಿಯೇ ಇಟ್ಟು ಬೇಯಿಸುವುದು. ಬೆಂದ ಮೇಲೆ ತುಂಡು ಬೇರೆ, ನೀರು ಬೇರೆ. ನೀರು ಸಾರಿಗೆ. ತುಂಡನ್ನು ಹುರಿದ ಒಣಕೊಬ್ಬರಿ, ಎಳ್ಳು, ಗಸಗಸೆಯ ಮಸಾಲೆಯಲ್ಲಿ ಸುಕ್ಕಾ ಮಾಡುವುದು. ಎರಡಕ್ಕೂ ಹೊಸ ಮಸಾಲೆ ಖಾರ. ಸರಿಯಾದ ಹೊತ್ತಿಗೆ ಬಂತು ನೋಡು ಹಬ್ಬ. ಮನೆಯ ಮಾಳಿಗೆ ಮೇಲೆ ಹೋದ ವಾರ ಪೂರ್ತಿ ಮೆಣಸಿನಕಾಯಿ ಒಣಗಿದೆ. ಬ್ಯಾಡಗಿಯ ಡಬ್ಬಿ ತಂದಿದ್ದೇನೆ, ಬಣ್ಣಕ್ಕೆ. ಸ್ವಲ್ಪ ಗುಂಟೂರು, ಖಾರಕ್ಕೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬರುತ್ತವಲ್ಲ, ಡಬ್ಬಿ ಗಿಡ್ಡಗೆ, ದಪ್ಪಗೆ, ಮೈಯೆಲ್ಲ ಸುಕ್ಕು. ದರ ಜಾಸ್ತಿ, ಆದರೂ ಅದನ್ನೇ ತರಬೇಕು. 2011ರಲ್ಲಿ ಬ್ಯಾಡಗಿಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಅಧಿಕೃತ ಗುರುತು, ಸಿಕ್ಕಿದೆ. ಟ್ಯಾಗ್ ಇಲ್ಲದಾಗಲೂ ನಮ್ಮವ್ವನಿಗೆ ಬೇರೆ ಮೆಣಸಿನಕಾಯಿ ಕಣ್ಣಿಗೆ ಬೀಳುತ್ತಿರಲಿಲ್ಲ. ಗಿರಣಿಗೆ ಹಾಕಿಸಿ ತಂದ ದಿನ ಮನೆಯಲ್ಲಿ ಎಲ್ಲರಿಗೂ ಸೀನು.

ಈಗ ಮಾಂಸ ಮುಟ್ಟದ ನಿನ್ನ ಅವ್ವಾರ ಮಾತು. ಅದನ್ನು ನೀನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಮೆಸೇಜ್ ಹಾಕಿದ್ದೇ ಅದಕ್ಕೆ ಅಲ್ವಾ? ಹೇಳಿಬಿಡುತ್ತೇನೆ. ಮಟನ್ ಹಿತ್ತಲಲ್ಲಿ, ಕಟ್ಟಿಗೆ ಒಲೆ ಮೇಲೆ. ಮಾಡುವವನು ನಾನು, ಕೈಗೆ ನನ್ನ ಭಾವ. ಅದರ ಪಾತ್ರೆ, ಸೌಟು, ಹಲಗೆ ಎಲ್ಲ ಹಿತ್ತಲಲ್ಲೇ ಇದ್ದು ಹಿತ್ತಲಲ್ಲೇ ತೊಳೆದುಕೊಳ್ಳುತ್ತವೆ. ಒಳಗಿನ ಅಡುಗೆಮನೆ ಆ ದಿನ ಪೂರ್ತಿ ಶಾಕಾಹಾರ. ಅನ್ನ, ಎಣಗಾಯಿ, ಮೊಸರು ಯಾವುದಕ್ಕೂ ಹೊರಗಿನ ಸೌಟು ಮುಟ್ಟುವುದಿಲ್ಲ. ಅವರು ಬಂದು ಒಳಗೆ ಕೂತು ನಮ್ಮವ್ವನ ಜೊತೆ ಕೊತ್ತಂಬರಿ ಸೋಸಿದರೂ ಮುಜುಗರ ಆಗಬಾರದು.

ಆದರೆ ಮಟನ್ ಬಚ್ಚಿಡುವುದೂ ಇಲ್ಲ. ಕೆಲವರ ಮನೆಯಲ್ಲಿ ನೋಡಿದ್ದೇನೆ, ಶಾಕಾಹಾರಿ ನೆಂಟರು ಬಂದರೆ ಹಬ್ಬದ ಅಡುಗೆಯನ್ನೇ ಕದ್ದು ಉಣ್ಣುವ ಹಾಗೆ ಮಾಡುತ್ತಾರೆ. ಇನ್ನು ಕೆಲವರು ಮಟನ್‌ಗೆ ಮೂರು ದಿನ ತಯಾರಿ ಮಾಡಿ, ಶಾಕಾಹಾರಿಗಳಿಗೆ ಒಂದು ಪನೀರ್ ತಂದು ಕೈತೊಳೆದುಕೊಳ್ಳುತ್ತಾರೆ. ನನಗೆ ಎರಡೂ ಸರಿ ಬರುವುದಿಲ್ಲ. ಎಲೆ ಮೇಲೆ ಮೊದಲು ಬೀಳುವುದೆಲ್ಲ ಎಲ್ಲರೂ ಉಣ್ಣುವಂಥದ್ದು. ಎಣಗಾಯಿ, ಮಡಕಿಕಾಳು ಪಲ್ಯ, ಕೋಸಂಬರಿ, ಚಿತ್ರಾನ್ನ. ಮಟನ್ ಬೇಕಾದವರ ಪಂಕ್ತಿ ಪಡಸಾಲೆಯ ಆ ಕಡೆ, ನಿಮ್ಮದು ಈ ಕಡೆ, ನಡುವೆ ಮಾತಿಗೆ ಅಡ್ಡಿ ಇಲ್ಲ.

ಎಣಗಾಯಿಗೆ ನನ್ನ ಹೆಂಡತಿಯೇ ಮುಖ್ಯಸ್ಥೆ. ಮಟನ್‌ಗಿಂತ ಮೊದಲು ಖಾಲಿ ಆಗುವುದು ಅದೇ, ಹಾಗಾಗಿ ಹದಿನಾಲ್ಕು ಮಂದಿಗೂ ಲೆಕ್ಕ ಹಾಕಿಯೇ ಮಾಡುತ್ತಾಳೆ. ಸಣ್ಣ ಬದನೆಕಾಯಿ, ತೊಟ್ಟು ಬಿಡದೆ ನಾಲ್ಕು ಸೀಳು, ಉಪ್ಪು ನೀರಿನಲ್ಲಿ ಮುಳುಗಿಸಿಡುವುದು. ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ ಬೇರೆ ಬೇರೆ ಹುರಿದು ಪುಡಿ. ಒಟ್ಟಿಗೆ ಹುರಿದರೆ ಎಳ್ಳು ಸೀದು ಶೇಂಗಾ ಹಸಿ ಉಳಿಯುತ್ತದೆ. ಹುಣಸೆಹಣ್ಣು, ಬೆಲ್ಲ, ಅದೇ ಹೊಸ ಖಾರ. ಪುಡಿಯನ್ನು ಶನಿವಾರವೇ ಮಾಡಿಡಬಹುದು. ಭಾನುವಾರ ತುಂಬಿ ಎಣ್ಣೆಯಲ್ಲಿ ಇಟ್ಟರೆ ಹನ್ನೊಂದಕ್ಕೆಲ್ಲ ಮುಗಿಯಿತು. ಎರಡು ತಾಸು ಕೂತಷ್ಟೂ ಅದರ ರುಚಿ ಹೆಚ್ಚು. ಒಂದು ಗಂಟೆಯ ಊಟಕ್ಕೆ ಇದಕ್ಕಿಂತ ಒಳ್ಳೆಯ ಅಡುಗೆ ಹುಡುಕಿದರೂ ಸಿಗಲಿಕ್ಕಿಲ್ಲ.

ಮೊಟ್ಟೆ ಮಕ್ಕಳದು. ಈಸ್ಟರ್‌ಗೆ ಮೊಟ್ಟೆ ಯಾಕೆ ಅಂತ ಹೋದ ಸಲ ನಿನ್ನ ಮಗಳು ಕೇಳಿದ್ದಳು. ಹಿಂದೆ ಯುರೋಪಿನಲ್ಲಿ ಉಪವಾಸದ ದಿನಗಳಲ್ಲಿ ಮಾಂಸದ ಜೊತೆ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿಗೆ ಉಪವಾಸ ಗೊತ್ತಾಗಬೇಕಲ್ಲ, ಅದು ಇಡುತ್ತಲೇ ಇರುತ್ತಿತ್ತು. ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಬಣ್ಣ ಹಚ್ಚಿ ಹಂಚುವುದು ಹಾಗೆ ಬೆಳೆಯಿತು. ನಮ್ಮಲ್ಲಿ ಬಣ್ಣಕ್ಕೆ ಉಳ್ಳಾಗಡ್ಡಿ ಸಿಪ್ಪೆ. ಈ ಭಾಗದಲ್ಲಿ ಅದಕ್ಕೇನು ಬರ! ಎರಡು ಬೊಗಸೆ ಒಣ ಸಿಪ್ಪೆ, ಒಂದು ಚಮಚ ವಿನೆಗರ್, ನೀರು. ಮೊಟ್ಟೆ ಮೇಲೆ ಒಂದು ಕೊತ್ತಂಬರಿ ಎಲೆ ಅಂಟಿಸಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಆ ನೀರಿನಲ್ಲೇ ಕುದಿಸಬೇಕು. ಬಿಚ್ಚಿದರೆ ಕೆಂಗಂದು ಮೊಟ್ಟೆ ಮೇಲೆ ಎಲೆಯ ಬಿಳಿ ಗುರುತು, ನರ ಸಹಿತ. ಆಟ ಮುಗಿದ ಮೇಲೆ ಬಿಸಿಲಲ್ಲಿ ಬಿಡುವಂತಿಲ್ಲ, ಎರಡು ತಾಸಿನೊಳಗೆ ಸುಲಿದು ಹಿತ್ತಲಿನ ಮಸಾಲೆಗೆ. ಮೊಟ್ಟೆ ಯಾರು ಯಾರು ತಿನ್ನುತ್ತಾರೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಪತ್ರ ನಿಮ್ಮ ಅವ್ವಾರೂ ಓದಬಹುದು. ನೀನು ನಿಶ್ಚಿಂತೆಯಿಂದ ಇರು.

ಸಿಹಿಗೆ ಶ್ರೀಖಂಡ. ಯುಗಾದಿ ಹೋಳಿಗೆ ಮೊನ್ನೆ ಮುಗಿದಿದೆ, ಮತ್ತೆ ಕಡಲೆಬೇಳೆ ರುಬ್ಬುವ ಶಕ್ತಿ ಯಾರಿಗೂ ಇಲ್ಲ. ಮೊಸರನ್ನು ಶನಿವಾರ ರಾತ್ರಿ ಬಟ್ಟೆಯಲ್ಲಿ ಕಟ್ಟಿ, ಜರಡಿ ಮೇಲೆ ಇಟ್ಟು ಫ್ರಿಜ್ಜಿನಲ್ಲಿ ಬಿಡುವುದು. ಹಿಂದಿನ ಹಾಗೆ ಗೂಟಕ್ಕೆ ಕಟ್ಟಿದರೆ ಈ ಸೆಕೆಗೆ ಬೆಳಗಾಗುವಷ್ಟರಲ್ಲಿ ಹುಳಿ. ಸಕ್ಕರೆ ಸ್ವಲ್ಪ ಕೈಹಿಡಿದು, ಏಲಕ್ಕಿ, ಕೇಸರಿ. ಅಷ್ಟೇ. ಕ್ರಾಸ್ ಬನ್ ಬೇಕಂದರೆ ಶುಕ್ರವಾರವೇ ಬೇಕರಿಯಲ್ಲಿ ತಗೊಂಡು ತಿಂದುಬಿಡು, ಭಾನುವಾರದ ಎಲೆ ಮೇಲೆ ಅದಕ್ಕೆ ಜಾಗ ಇಲ್ಲ.

ಇನ್ನು ನಾನು ಏನು ತರಲಿ ಅಂತ ನೀನು ಕೇಳೇ ಕೇಳುತ್ತೀಯ. ಬಾಕರವಡಿ ತರಬೇಡ, ಹೋದ ಸಲದ್ದೇ ಒಂದು ಪೊಟ್ಟಣ ಹಾಗೇ ಇದೆ. ಪೇಢಾನೂ ಬೇಡ, ಲೈನ್ ಬಜಾರದಲ್ಲಿ ನಾನೇ ತಂದು ನಿನ್ನ ಕೈಯಲ್ಲಿ ಕಟ್ಟಿ ಕಳಿಸಬೇಕಾದವನು. ಆದರೆ ನಿಮ್ಮ ಹೊಲದ ಮಡಕಿಕಾಳು ಅವ್ವಾರ ಹತ್ತಿರ ಇದ್ದರೆ ಒಂದು ಕಿಲೋ ಹಾಕಿಕೊಂಡು ಬರಲಿ. ಶುಕ್ರವಾರ ಸಂಜೆಯೊಳಗೆ ಕೈಸೇರಿದರೆ ಶನಿವಾರ ಬೆಳಗ್ಗೆ ನೆನೆಹಾಕಿ, ಭಾನುವಾರಕ್ಕೆ ಮೊಳಕೆ ಬರಿಸಬಹುದು.

ಭಾನುವಾರ ಹನ್ನೆರಡರೊಳಗೆ ಬಂದುಬಿಡಿ, ಆಮೇಲೆ ಬಿಸಿಲು ಜಾಸ್ತಿ. ಖಡಕ್ ರೊಟ್ಟಿಗೆ ಮುಂಚೆಯೇ ಹೇಳಿಡಬೇಕು. ನಿಮ್ಮ ಅವ್ವಾರಿಗೆ ಅಗಿಯಲು ಆಗುತ್ತದೋ, ಅವರಿಗಷ್ಟೇ ಎರಡು ಮೆತ್ತನೆಯ ರೊಟ್ಟಿ ಮಾಡಿಸಿ ಇಡಲೋ, ಕೇಳಿ ತಿಳಿಸು.

ನಿನ್ನ ದೋಸ್ತ