ಎರಡನೆಯ ಕೀ ನಿನ್ನ ಬಳಿಯೇ ಇರಲಿ

ಪ್ರೀತಿಯ ಮಗಳೇ,

ನಾಳೆ ಬೆಳಿಗ್ಗೆ ನೀನು ಕಾರು ತೆಗೆದುಕೊಂಡು ಹೊಸ ಕೆಲಸದ ಊರಿಗೆ ಒಬ್ಬಳೇ ಹೊರಡುತ್ತಿದ್ದೀಯೆ. ಭಾನುವಾರದಿಂದೀಚೆಗೆ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಅಗತ್ಯಕ್ಕೆ ಮೀರಿ ಒಂದು ಮಾತನ್ನೂ ಆಡಿಲ್ಲ. ಎದುರು ಕುಳಿತು ಹೇಳಹೊರಟರೆ ನನ್ನ ದನಿ ಏರುತ್ತದೆ. ದನಿ ಏರಿದರೆ ನಿನಗೆ ಮಾತು ತಲುಪುವುದಿಲ್ಲ, ಸದ್ದು ಮಾತ್ರ ತಲುಪುತ್ತದೆ ಎಂದು ನೀನೇ ಎಷ್ಟೋ ಸಲ ಹೇಳಿದ್ದೀಯೆ. ಆದ್ದರಿಂದ ಬರೆಯುತ್ತಿದ್ದೇನೆ.

ಹದಿನಾಲ್ಕು ತಿಂಗಳ ಕಲಿಕೆ, ಎರಡು ಸಲ ಕೈತಪ್ಪಿದ ಪರೀಕ್ಷೆ, ಮೂರನೆಯ ಸಲ ಲೈಸೆನ್ಸ್ ಸಿಕ್ಕಿದ ದಿನ, ಇವೆಲ್ಲ ನಮ್ಮಿಬ್ಬರಿಗೂ ಗೊತ್ತಿರುವುದರಿಂದ ಮತ್ತೆ ಬರೆಯುವುದಿಲ್ಲ. ನಾನು ಬರೆಯಬೇಕಾದದ್ದು ಭಾನುವಾರದ ಆ ವೃತ್ತದ ಬಗ್ಗೆ.

ನೀನು ಕಾರು ಓಡಿಸುತ್ತಿದ್ದೆ, ಪಕ್ಕದಲ್ಲಿ ಕುಳಿತಿದ್ದ ನಾನು ‘ನೇರವಾಗಿ ಹೋಗು’ ಎಂದೆ. ನಡುವೆ ದುಂಡನೆಯ ಕಟ್ಟೆ ಇರುವಲ್ಲಿ ನೇರವಾದ ದಾರಿಯೇ ಇಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಕಾರು ಓಡಿಸಿದ ನನಗೆ ‘ನೇರ’ ಎಂದರೆ ಕಟ್ಟೆಯನ್ನು ಬಳಸಿಕೊಂಡು ಎರಡನೆಯ ರಸ್ತೆಗೆ ಹೊರಬೀಳುವುದು. ಹೇಳಿದ್ದನ್ನು ಹೇಳಿದಂತೆಯೇ ತೆಗೆದುಕೊಳ್ಳುವ ನಿನಗೆ ಅದು ಕಟ್ಟೆಯ ಮೇಲೆ ಕಾರು ಹತ್ತಿಸು ಎಂದ ಹಾಗೆ. ನೀನು ಅರೆಕ್ಷಣ ತಡೆದೆ. ಆ ಅರೆಕ್ಷಣವನ್ನು ನಾನು ಗಾಬರಿ ಎಂದುಕೊಂಡೆ. ಬಲಗಡೆಯಿಂದ ಒಂದು ಬೈಕು ಬರುತ್ತಿತ್ತು. ನೀನು ಅದನ್ನು ನೋಡಿಯೇ ಇಲ್ಲವೆಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ ಕೈ ಚಾಚಿ ಸ್ಟೀರಿಂಗ್ ಎಳೆದೆ. ಎಡಗಡೆಯ ಮುಂದಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ಬಡಿಯಿತು.

ನಿನ್ನ ಕಾಲು ಆಗಲೇ ಬ್ರೇಕಿನ ಮೇಲಿತ್ತು. ಕಾರಿನ ಮೂತಿ ತಗ್ಗಿದ್ದು, ಸೀಟ್ ಬೆಲ್ಟ್ ನನ್ನ ಭುಜಕ್ಕೆ ಬಿಗಿದದ್ದು ನಾನು ಕೈ ಚಾಚುವುದಕ್ಕೂ ಮೊದಲೇ. ಇದು ಆಗಲೇ ನನ್ನ ಮೈಗೆ ತಿಳಿದಿತ್ತು. ಬಾಯಿ ಒಪ್ಪಿಕೊಳ್ಳಲು ಇಷ್ಟು ದಿನ ಹಿಡಿಯಿತು. ನೀನು ಬೈಕನ್ನು ನೋಡಿದ್ದೆ, ಅದಕ್ಕೆ ದಾರಿ ಬಿಡುತ್ತಿದ್ದೆ. ಆ ಹೊತ್ತಿನಲ್ಲಿ ಕಾರಿನೊಳಗಿದ್ದ ಅಪಾಯವೆಂದರೆ ನನ್ನ ಕೈ.

ಅನಂತರ ನಡೆದದ್ದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತಿದೆ. ನೀನು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ರಸ್ತೆ ಅಗಲವಾಗಿದ್ದ ಕಡೆ ಕಾರನ್ನು ಬದಿಗೆ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದೆ, ನಾಲ್ಕೂ ಇಂಡಿಕೇಟರ್‌ಗಳನ್ನು ಮಿನುಗಲು ಬಿಟ್ಟೆ, ಎಂಜಿನ್ ಆರಿಸಿದೆ. ಆಮೇಲೆ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ‘ಅಮ್ಮಾ, ಸ್ವಲ್ಪ ಹೊತ್ತು ಮಾತಾಡಬೇಡ’ ಎಂದೆ. ನಾನು ಮಾತಾಡಿದೆ. ಬೈಕಿನವನ ಬಗ್ಗೆ, ಟೈರಿನ ಬಗ್ಗೆ, ಒಬ್ಬಳೇ ಇದ್ದಾಗ ಹೀಗಾದರೆ ಏನು ಗತಿ ಎಂಬುದರ ಬಗ್ಗೆ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬುದರ ಬಗ್ಗೆ ಮಾತಾಡುತ್ತಲೇ ಹೋದೆ. ನಿನ್ನ ಬೆರಳುಗಳ ಗೆಣ್ಣು ಬಿಳಿಚಿಕೊಳ್ಳುತ್ತಿರುವುದು ಕಾಣುತ್ತಿದ್ದರೂ ನಿಲ್ಲಿಸಲಿಲ್ಲ. ಮನಸ್ಸಿನೊಳಗೆ ಎಲ್ಲ ಮುಚ್ಚಿಹೋಗುತ್ತಿದ್ದ ಹೊತ್ತಿನಲ್ಲಿಯೂ ನೀನು ಒಬ್ಬ ಒಳ್ಳೆಯ ಚಾಲಕಿ ಮಾಡಬೇಕಾದ ಒಂದೊಂದನ್ನೂ ಕ್ರಮ ತಪ್ಪದೆ ಮಾಡಿದ್ದೆ. ಅದನ್ನೇ ನಾನು ‘ಕಾರು ಓಡಿಸಲು ಆಗದು ಎಂಬುದಕ್ಕೆ ಸಾಕ್ಷಿ’ ಎಂದೆ. ಆ ಮಾತಿಗೆ ಕ್ಷಮೆ ಕೇಳುತ್ತೇನೆ. ಸ್ಟೀರಿಂಗ್ ಎಳೆದದ್ದಕ್ಕಿಂತ ಹೆಚ್ಚಾಗಿ ಆ ಮಾತಿಗೆ.

ನನ್ನ ಭಯಕ್ಕೆ ಬೇರು ಎಲ್ಲಿದೆ ಎಂಬುದನ್ನೂ ನೀನು ತಿಳಿದಿರಬೇಕು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಿನಗೆ ಆಟಿಸಂ ಇದೆಯೆಂದು ತಿಳಿದ ಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. 2010ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಸ್ತೆಯ ವೀಡಿಯೊ ತುಣುಕುಗಳನ್ನು ತೋರಿಸಿ ಅಪಾಯ ಗುರುತಿಸಲು ಹೇಳಿದ್ದರು. ಮನುಷ್ಯರು ಕಣ್ಣಿಗೆ ಬೀಳುವಂಥ ಅಪಾಯಗಳನ್ನು ಆಟಿಸಂ ಇರುವವರು ಕಡಿಮೆ ಗುರುತಿಸಿದರು ಎಂದು ಅದರಲ್ಲಿತ್ತು. ಪುಟ್ಟ ಗುಂಪಿನ ಮೇಲೆ ನಡೆದ ಆ ಅಧ್ಯಯನವನ್ನು ನಾನು ನಿನ್ನ ಜಾತಕದ ಹಾಗೆ ತಲೆಯಲ್ಲಿ ಇಟ್ಟುಕೊಂಡೆ. ನೀನು ಪ್ರತಿ ಸಲ ಸ್ಟೀರಿಂಗ್ ಹಿಡಿದಾಗಲೂ ನಾನು ರಸ್ತೆಯನ್ನು ನೋಡುತ್ತಿರಲಿಲ್ಲ, ಆ ಸಾಲುಗಳು ನಿಜವಾಗುತ್ತವೆಯೇ ಎಂದು ಕಾಯುತ್ತಿದ್ದೆ.

ನೀನು ಹೇಗೆ ನೋಡುತ್ತೀಯೆ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. ಪರೀಕ್ಷೆಯ ಹಿಂದಿನ ವಾರ ನೀನೇ ಹೇಳಿದ್ದೆ: ‘ಬೈಕಿನವನ ಮುಖ ನೋಡಿದರೆ ನನಗೆ ಏನೂ ತಿಳಿಯುವುದಿಲ್ಲ, ಮುಂದಿನ ಚಕ್ರ ಯಾವ ಕಡೆ ವಾಲಿದೆ ಎಂಬುದು ತಿಳಿಯುತ್ತದೆ, ನಡೆಯುವವರ ಕಣ್ಣು ನೋಡುವುದಿಲ್ಲ, ಪಾದ ನೋಡುತ್ತೇನೆ.’ ನಾನು ಆಗ ಹೂಂ ಎಂದು ಸುಮ್ಮನಾದೆ. ಈಗ ನಾನೂ ಚಕ್ರ ನೋಡಲು ಕಲಿಯುತ್ತಿದ್ದೇನೆ. ಮುಂದಿನ ವಾಹನ ಕಂಬವನ್ನು ದಾಟಿದೊಡನೆ ನೀನು ಸಣ್ಣಗೆ ‘ಸಾವಿರದ ಒಂದು, ಸಾವಿರದ ಎರಡು’ ಎಂದು ಎಣಿಸುತ್ತಿದ್ದೆಯಲ್ಲ, ಅದನ್ನು ನಿಲ್ಲಿಸು ಎಂದು ಗದರಿದ್ದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಆ ಎರಡು ಎಣಿಕೆ ನಿನಗೂ ಮುಂದಿನ ವಾಹನಕ್ಕೂ ನಡುವೆ 33 ಮೀಟರ್ ಜಾಗ ಉಳಿಸುತ್ತದೆ. ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಎಣಿಸಿರಲಿಲ್ಲ. ದಯವಿಟ್ಟು ಎಣಿಸು, ಗಟ್ಟಿಯಾಗಿಯೇ ಎಣಿಸು.

ಆಮೇಲೆ ಓದಿದ ಇನ್ನೊಂದು ವಿಷಯ ಹೇಳುತ್ತೇನೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಸರ್ಕಾರಿ ದಾಖಲೆಗಳನ್ನೇ ಹಿಡಿದು ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ಯುವ ಚಾಲಕರ ಅಪಘಾತದ ಪ್ರಮಾಣ ಇತರರಿಗಿಂತ ಹೆಚ್ಚಿರಲಿಲ್ಲ. ಅತಿವೇಗದಿಂದಾದ ಅಪಘಾತಗಳೂ, ಲೈಸೆನ್ಸ್ ಅಮಾನತಾದ ಪ್ರಸಂಗಗಳೂ ಕಡಿಮೆಯೇ ಇದ್ದವು. ಇದನ್ನು ಓದಿ ಹೆಮ್ಮೆಪಟ್ಟೆ. ಆದರೆ ಅದೇ ಅಧ್ಯಯನದಲ್ಲಿ ದಾರಿ ಬಿಟ್ಟುಕೊಡದೆ ಆದ ಅಪಘಾತಗಳು ಮತ್ತು ಎಡಕ್ಕೆ ತಿರುಗುವಾಗ ಆದ ಅಪಘಾತಗಳು ಹೆಚ್ಚು ಎಂದೂ ಇತ್ತು. ಅಲ್ಲಿ ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ ಎಡತಿರುವೆಂದರೆ ಎದುರಿನ ಸಾಲನ್ನು ಅಡ್ಡ ದಾಟುವುದು; ಎಡಬದಿಯಲ್ಲಿ ಸಾಗುವವರಿಗೆ ಅದು ಬಲತಿರುವು. ಆದ್ದರಿಂದ ಹೇಳದೆ ಇರಲಾರೆ: ಎದುರು ಸಾಲನ್ನು ದಾಟಿ ತಿರುಗಬೇಕಾದಾಗ ಹಿಂದಿನವರು ಎಷ್ಟು ಹಾರನ್ ಹೊಡೆದರೂ ಅವಸರಪಡಬೇಡ. ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ಅದಕ್ಕೆ ಯಾವ ಅರ್ಥವನ್ನೂ ಕೊಡಬೇಡ. ಒಬ್ಬನಿಗೆ ಅದು ‘ನೀನು ಹೋಗು’ ಎಂಬ ಸೂಚನೆ, ಇನ್ನೊಬ್ಬನಿಗೆ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂಬ ಎಚ್ಚರಿಕೆ. ಅವನ ಚಕ್ರ ನಿಂತಿತೇ ಎಂಬುದೊಂದನ್ನೇ ನೋಡು.

ಇನ್ನೂ ಇದೆ. ರಾತ್ರಿ ಮಳೆಯಲ್ಲಿ ಓಡಿಸಬೇಡ. ವೈಪರಿನ ಸದ್ದು, ಒದ್ದೆ ಗಾಜಿನ ಮೇಲೆ ಚೆದುರುವ ಎದುರು ಬೆಳಕು, ಎರಡೂ ಒಟ್ಟಿಗೆ ಸೇರಿದರೆ ನಿನಗೆ ಎಷ್ಟು ಕಷ್ಟ ಎಂದು ಬಲ್ಲೆ. ಹಿಂದಿನ ಸೀಟಿನಲ್ಲಿ ಎದುರಿನ ಬೆಳಕಿಗೆ ಮುಖ ಮುಚ್ಚಿಕೊಳ್ಳುತ್ತಿದ್ದ ಮಗುವನ್ನು ‘ನಾಟಕ ಮಾಡಬೇಡ’ ಎಂದು ಬೈದವಳು ನಾನೇ, ಆ ಮಾತೂ ನನ್ನ ಲೆಕ್ಕದಲ್ಲಿದೆ. ಕಿವಿಗೆ ಇಯರ್‌ಪ್ಲಗ್ ಹಾಕುವುದಾದರೆ ಸದ್ದನ್ನು ತಗ್ಗಿಸುವಂಥದ್ದು ಹಾಕು, ಆಂಬುಲೆನ್ಸಿನ ಸೈರನ್ನೂ ಕೇಳದಂತೆ ಮಾಡುವಂಥದ್ದು ಬೇಡ. ಗೊತ್ತಿರುವ ರಸ್ತೆ ಮುಚ್ಚಿ ಬೇರೆ ದಾರಿಗೆ ತಿರುಗಿಸಿದ್ದರೆ ಓಡುತ್ತಲೇ ಹೊಸ ದಾರಿ ಯೋಚಿಸಬೇಡ, ನಿಲ್ಲಿಸಿ ನಕ್ಷೆ ನೋಡು. ದಿನವಿಡೀ ಜನರ ನಡುವೆ ಅವರಂತೆಯೇ ಇರಲು ಹೆಣಗಿ ಸೋತು ಬಂದ ಸಂಜೆ ಕಾರು ಮುಟ್ಟಬೇಡ, ಬಸ್ಸು ಹಿಡಿ. ಉಪದೇಶ ಮಾಡಬಾರದು ಎಂದುಕೊಂಡೇ ಬರೆಯಲು ಕುಳಿತಿದ್ದೆ. ಆದರೆ ಇದರಲ್ಲಿ ಒಂದನ್ನೂ ಹೊಡೆದುಹಾಕಲು ಮನಸ್ಸು ಬರುತ್ತಿಲ್ಲ.

ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ನೀಲಿ ಲಕೋಟೆ ಇಟ್ಟಿದ್ದೇನೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2020ರಿಂದ ಆಟಿಸಂ ಇರುವ ಚಾಲಕರಿಗೆ ಇಂಥದ್ದನ್ನು ಕೊಡುತ್ತಾರೆ; ಲೈಸೆನ್ಸ್, ವಿಮೆ ಮೊದಲಾದ ಕಾಗದಗಳು ಒಳಗಿರುತ್ತವೆ, ಪೊಲೀಸರು ತಡೆದಾಗ ಇಬ್ಬರೂ ಹೇಗೆ ನಡೆದುಕೊಳ್ಳಬೇಕೆಂದು ಹೊರಗೆ ಅಚ್ಚಾಗಿರುತ್ತದೆ. ನಾನು ಕೈಬರಹದಲ್ಲಿ ಬರೆದಿದ್ದೇನೆ: ‘ನನಗೆ ಆಟಿಸಂ ಇದೆ. ಕಣ್ಣಿಗೆ ಕಣ್ಣು ಕೊಡದಿದ್ದರೆ ಅದು ಅಗೌರವವಲ್ಲ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಿಸಲು ಸಮಯ ಕೊಡಿ.’ ನಿನ್ನನ್ನು ಕೇಳದೆ ಬರೆದೆ. ಅಪರಿಚಿತರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ನಿನ್ನ ಇಷ್ಟ. ಬೇಡವೆನಿಸಿದರೆ ಹರಿದುಹಾಕು, ನಾನು ಕೇಳುವುದಿಲ್ಲ. ಒಳಗಿನ ವಿಮೆಯ ಪ್ರತಿಯನ್ನು ಮಾತ್ರ ತೆಗೆದಿಟ್ಟುಕೋ.

ಮತ್ತೆ ಆ ವೃತ್ತಕ್ಕೇ ಬರುತ್ತೇನೆ. ಬುಧವಾರ ನಾನೊಬ್ಬಳೇ ಅಲ್ಲಿಗೆ ನಡೆದು ಹೋಗಿ ನಿಂತಿದ್ದೆ. ಒಂದು ಗಂಟೆ ವಾಹನಗಳನ್ನು ನೋಡಿದೆ. ನಿನ್ನ ಹಾಗೆ ಪೂರ್ತಿ ನಿಧಾನಿಸಿ, ಬಲಗಡೆ ನೋಡಿ, ದಾರಿ ಬಿಟ್ಟು ಒಳಬಂದವರು ಕೆಲವರೇ. ‘ಎರಡನೆಯ ರಸ್ತೆಗೆ ಹೊರಬೀಳು’ ಎಂದು ನಾನು ಹೇಳಿದ್ದರೆ ನೀನು ಆ ಅರೆಕ್ಷಣವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹೇಗೆ ಹೇಳಬೇಕಿತ್ತು ಎಂಬ ಆ ವಾಕ್ಯವನ್ನು ಎಷ್ಟು ಸಲ ನನ್ನೊಳಗೆ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಕಲ್ಲಿಗೆ ಬಡಿದ ಚಕ್ರವನ್ನು ನಿನ್ನೆ ತೋರಿಸಿಕೊಂಡು ಬಂದೆ. ಟೈರಿನ ಪಕ್ಕ ಉಬ್ಬಿದ್ದರಿಂದ ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದ್ದೇನೆ. ಸ್ಟೀರಿಂಗ್ ಒಂದು ಕಡೆಗೆ ಎಳೆದರೆ ಇನ್ನೊಮ್ಮೆ ತೋರಿಸು. ಸ್ಟೆಪ್ನಿಗೂ ಗಾಳಿ ಹಾಕಿಸಿದೆ.

ಎರಡನೆಯ ಕೀ ಈ ಕಾಗದದ ಜೊತೆಗಿದೆ. ಅದನ್ನು ನನ್ನ ಬಳಿ ಇಟ್ಟುಕೊಳ್ಳುತ್ತೇನೆ ಎಂದದ್ದು ನೀನು ಕಳೆದುಕೊಳ್ಳುತ್ತೀಯೆ ಎಂದಲ್ಲ. ಯಾವತ್ತಾದರೂ ನಿನ್ನಿಂದ ಕಾರು ಬಿಡಿಸಬೇಕಾದೀತು ಎಂಬ ಯೋಚನೆಯಿಂದ. ಅದು ನಿನಗೆ ಗೊತ್ತಾಗಿತ್ತು ಎಂಬುದೂ ನನಗೆ ಗೊತ್ತು.

ದಾರಿಯಲ್ಲಿ ಫೋನ್ ಮಾಡುವುದಿಲ್ಲ. ತಲುಪಿ, ಹ್ಯಾಂಡ್‌ಬ್ರೇಕ್ ಎಳೆದು, ನಿನಗೆ ಬೇಕಾದಷ್ಟು ಹೊತ್ತು ಸುಮ್ಮನೆ ಕುಳಿತಾದ ಮೇಲೆ ‘ತಲುಪಿದೆ’ ಎಂದು ಒಂದೇ ಪದ ಕಳುಹಿಸು.

ನಿನ್ನ
ಅಮ್ಮ