ಗೇಟಿನಾಚೆ ನಿಲ್ಲಿಸುವ ಜಾಗ ಬೇಡ, ಮಗಳೇ

ತಿಪಟೂರು
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನಿನ್ನ ಮಗಳು ಚಿನ್ನುವನ್ನು ಅಡ್ಮಿಟ್ ಮಾಡಲು ಅಂತ ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಮೂರೂ ಸೆಂಟರ್‌ಗಳ ಬ್ರೋಷರ್ ನೋಡಿದೆ. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ದೊಡ್ಡದು ಮಾಡಿಕೊಂಡು ಪೂರ್ತಿ ಓದಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ದೊಡ್ಡಪ್ಪ ಇದನ್ನು ಫೋಟೊ ತೆಗೆದು ಕಳಿಸುತ್ತಾರೆ.

ಮೊದಲು ಒಂದು ಮಾತು. ಚಿನ್ನು "ನನಗೆ ಬದುಕೋಕೆ ಇಷ್ಟ ಇಲ್ಲ" ಅಂದಳು ಅಂತ ಬರೆದಿದ್ದೀಯ. ಹದಿನೈದು ವರ್ಷದ ಹುಡುಗಿ ಅದನ್ನು ಬಾಯಿ ಬಿಟ್ಟು ಅಮ್ಮನಿಗೆ ಹೇಳಿದ್ದಾಳೆ. ನಾಟಕ ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಅಂದರೆ ಅವರ ಬಾಯಿ ಮುಚ್ಚಿಸು. ಯಾವ ಸೆಂಟರ್ ಅನ್ನೋದು ಆಮೇಲಿನ ಮಾತು. ಈಗ ಅವಳನ್ನು ಒಬ್ಬಳೇ ಬಿಡಬೇಡ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಅತ್ತೆಯವರ ಬಿಪಿ ಮಾತ್ರೆ ಸಮೇತ, ಬೀರುವಿನಲ್ಲಿಟ್ಟು ಬೀಗ ಹಾಕು. ರಾತ್ರಿ ಏನಾದರೂ ಭಯ ಆದರೆ ಬೆಳಗಾಗಲಿ ಅಂತ ಕಾಯಬೇಡ, ನಿಮ್ಹಾನ್ಸ್ ಎಮರ್ಜೆನ್ಸಿಗೆ ಹೋಗಿಬಿಡು, ರಾತ್ರಿಯಿಡೀ ತೆರೆದಿರುತ್ತದೆ. ಮಾತಾಡಲು ಯಾರಾದರೂ ಬೇಕು ಅನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು. ನಂಬರ್ ಫ್ರಿಜ್ ಮೇಲೆ ಅಂಟಿಸಿಡು, ಚಿನ್ನುಗೂ ಕಾಣುವ ಹಾಗೆ.

ಇನ್ನು ನಿನ್ನ ಪ್ರಶ್ನೆ. "ಮೂರರಲ್ಲಿ ಯಾವುದು ದೊಡ್ಡಮ್ಮ?" ಅಂತ ಕೇಳಿದ್ದೀಯ. ನಿನ್ನ ಮೆಸೇಜಿನಲ್ಲಿ ಬ್ರೋಷರ್ ಮೂರಿವೆ, ಡಾಕ್ಟರ್ ಒಬ್ಬರೂ ಇಲ್ಲ. ಅಡ್ಮಿಟ್ ಮಾಡಲೇಬೇಕು ಅಂತ ಹೇಳಿದ್ದು ಯಾರು? ಮಕ್ಕಳನ್ನು ನೋಡುವ ಮನೋವೈದ್ಯರು ಚಿನ್ನುವಿನ ಜೊತೆ ಕೂತು, ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದ್ದಾರಾ? ಥೈರಾಯ್ಡ್, ರಕ್ತ ಪರೀಕ್ಷೆ ಆಗಿದೆಯಾ? ಎಷ್ಟೋ ಮಕ್ಕಳು ವಾರಕ್ಕೊಮ್ಮೆ ಹೋಗಿ ಬಂದೇ ಸುಧಾರಿಸಿಕೊಳ್ಳುತ್ತಾರೆ. ಮನೆಯಲ್ಲಿಟ್ಟುಕೊಂಡು ಅವಳನ್ನು ಕಾಪಾಡಲು ಆಗುವುದಿಲ್ಲ ಅನ್ನುವ ಸ್ಥಿತಿಗೆ ಅಡ್ಮಿಷನ್ ಬೇಕು. ಅದನ್ನು ಅವಳನ್ನು ನೋಡಿದ ಡಾಕ್ಟರ್ ಹೇಳಬೇಕು, ಮಾರ್ಕೆಟಿಂಗ್ ಹುಡುಗ ಅಲ್ಲ.

ಬ್ರೋಷರ್ ವಿಷಯಕ್ಕೆ ಬರುತ್ತೇನೆ. ಮೊದಲನೆಯದರಲ್ಲಿ ಈಜುಕೊಳ, ಕುದುರೆ, ಹಸಿರು ಹುಲ್ಲು ಎಲ್ಲ ಇದೆ. ಡಾಕ್ಟರ ಹೆಸರು ಮಾತ್ರ ಎಲ್ಲೂ ಇಲ್ಲ. ಎರಡನೆಯದರಲ್ಲಿ "ಮೊದಲ 45 ದಿನ ಪೋಷಕರ ಭೇಟಿ ಇರುವುದಿಲ್ಲ" ಅಂತ ಹಾಕಿದ್ದಾರೆ, ಅದೂ ದೊಡ್ಡ ಹೆಮ್ಮೆಯಿಂದ. ಮೂರನೆಯದು ಓದುವಾಗ ನನ್ನ ಕೈ ನಡುಗಿತು. "ಮಗು ಬರಲು ಒಪ್ಪದಿದ್ದರೆ ನಮ್ಮ ತಂಡವೇ ಮನೆಗೆ ಬಂದು ಕರೆದೊಯ್ಯುತ್ತದೆ."

ನಿನಗೆ ಅರ್ಧ ಕತೆ ಗೊತ್ತು. ಉಳಿದರ್ಧ ನಾನು ಯಾರಿಗೂ ಹೇಳಿಲ್ಲ.

2012ರಲ್ಲಿ ನಮ್ಮ ಹುಡುಗನಿಗೂ ಹದಿನೈದೇ. ಹತ್ತನೇ ಕ್ಲಾಸು. ನಿದ್ದೆ ಬಿಟ್ಟ, ಸ್ನಾನ ಬಿಟ್ಟ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸಿದ. ಯಾರೋ ಗಾಂಜಾ ಇರಬೇಕು ಅಂದರು. ಇನ್ಯಾರೋ ಒಂದು ಸೆಂಟರಿನ ನಂಬರ್ ಕೊಟ್ಟರು. ಮೂರು ತಿಂಗಳ ದುಡ್ಡು ಮುಂಗಡ ಕಟ್ಟಿದೆವು. ಬೆಳಗಿನ ಜಾವ ಐದಕ್ಕೆ ವ್ಯಾನ್ ಬಂತು. ನಾಲ್ಕು ಜನ. ಮಲಗಿದ್ದವನನ್ನು ಎಬ್ಬಿಸಿ, ಎರಡೂ ಕಡೆ ಹಿಡಿದು ಕರೆದುಕೊಂಡು ಹೋದರು. ಅವನು ಕೂಗಲಿಲ್ಲ, ಪುಟ್ಟಿ. ನನ್ನ ಮುಖವನ್ನೇ ನೋಡುತ್ತಿದ್ದ. ವ್ಯಾನ್ ಹೋದ ಮೇಲೆ ನೋಡಿದರೆ ಅವನ ಒಂದು ಚಪ್ಪಲಿ ತುಳಸಿಕಟ್ಟೆ ಹತ್ತಿರ ಬಿದ್ದಿತ್ತು.

ಫೋನ್ ಮಾಡಿದರೆ "ಆರಾಮಾಗಿದ್ದಾನೆ, ನೀವು ಮಾತಾಡಿದರೆ ಟ್ರೀಟ್ಮೆಂಟ್ ಕೆಡುತ್ತೆ" ಅನ್ನುತ್ತಿದ್ದರು. ನಂಬಿದೆವು. ಐದನೇ ವಾರ ನಿನ್ನ ದೊಡ್ಡಪ್ಪನಿಗೆ ತಡೆಯಲಾಗದೆ ಹೇಳದೆ ಕೇಳದೆ ಹೋದೆವು. ಗೇಟಿನಲ್ಲೇ ಒಂದೂವರೆ ಗಂಟೆ ನಿಲ್ಲಿಸಿದರು. ಕೊನೆಗೆ ಕರೆದುಕೊಂಡು ಬಂದಾಗ ತಲೆ ಬೋಳಿಸಿದ್ದರು, ಯಾರದ್ದೋ ದೊಡ್ಡ ಶರ್ಟು ಹಾಕಿದ್ದರು. ಕುಡಿತ ಬಿಡಿಸಲು ತಂದ ನಲವತ್ತು ವರ್ಷದ ಗಂಡಸರ ಜೊತೆ ಒಂದೇ ಹಾಲಿನಲ್ಲಿ ಮಲಗುತ್ತಿದ್ದನಂತೆ. ಅಲ್ಲಿ ಐದು ವಾರದಲ್ಲಿ ಅವನನ್ನು ಒಬ್ಬ ಮನೋವೈದ್ಯರೂ ನೋಡಿರಲಿಲ್ಲ. ಅವತ್ತೇ ಕರೆದುಕೊಂಡು ಬಂದೆವು. ಅವನು ಈಗ ಮೂವತ್ತರ ಹತ್ತಿರ ಇದ್ದಾನೆ. ಬೆಳಗಿನ ಜಾವ ಮನೆ ಮುಂದೆ ಯಾವುದಾದರೂ ಗಾಡಿ ನಿಂತರೆ ಇವತ್ತಿಗೂ ಎದ್ದು ಕೂರುತ್ತಾನೆ.

ಅದಾದ ಮೇಲೆ ನಿಮ್ಹಾನ್ಸ್. ಮಕ್ಕಳ ವಾರ್ಡಿನಲ್ಲಿ ಮನೆಯವರೊಬ್ಬರು ಜೊತೆಗಿರಬೇಕು ಅಂದಾಗ ನಾನು ಗಾಬರಿಯಾದೆ. ಮನೆ, ಅತ್ತೆ, ಹಸು ಎಲ್ಲ ಬಿಟ್ಟು ಹೇಗೆ? ಇದ್ದೆ, 26 ದಿನ. ಮೊದಲ ದಿನವೇ ನರ್ಸ್ ನಮ್ಮ ಬ್ಯಾಗ್ ಬಿಚ್ಚಿ, ಪೈಜಾಮದ ಲಾಡಿ, ಶೂ ಲೇಸು, ಬ್ಲೇಡು, ಚಾರ್ಜರ್ ವೈರು ಎಲ್ಲ ತೆಗೆದಿಟ್ಟುಕೊಂಡರು. ನನಗೆ ಅವಮಾನ ಆದ ಹಾಗಾಯಿತು. ಆಮೇಲೆ ಅರ್ಥವಾಯಿತು, ಇವರು ಸುಮ್ನೆ ಕೂತವರಲ್ಲ ಅಂತ. ಒಬ್ಬ ಡಾಕ್ಟರ್ ಎರಡು ಗಂಟೆ ಕೂತು ನಮ್ಮ ಕತೆ ಕೇಳಿದರು. ಹುಟ್ಟಿದ ತಕ್ಷಣ ಅತ್ತನಾ, ಯಾವಾಗ ನಡೆದ, ಸ್ಕೂಲಲ್ಲಿ ಯಾರು ಗೆಳೆಯರು, ನಮ್ಮಿಬ್ಬರ ಮನೆತನದಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ, ನಾವು ಗಂಡ ಹೆಂಡತಿ ಹೇಗಿದ್ದೇವೆ. ಎಲ್ಲ ಬರೆದುಕೊಂಡರು.

ನಾನು ಮರೆಯದೆ ಇರುವುದು ಒಬ್ಬ ನರ್ಸ್ ಹೇಳಿದ್ದು. ನಾಲ್ಕನೇ ದಿನವೋ ಐದನೇ ದಿನವೋ ಇರಬೇಕು. ಅವರು ಇವನನ್ನು "ಊಟ ಆಯ್ತೇನೋ?" ಅಂದರು. ನಾನು "ಆಯ್ತು ಸಿಸ್ಟರ್, ಎರಡು ಚಪಾತಿ ತಿಂದ" ಅಂದೆ. "ನಿದ್ದೆ ಬಂತಾ?" ಅಂದರು. "ಇಲ್ಲ ಸಿಸ್ಟರ್, ಒದ್ದಾಡುತ್ತಿದ್ದ" ಅಂದೆ. ಅವರು ನಕ್ಕು, "ಅಮ್ಮಾ, ನಾನು ಕೇಳಿದ್ದು ಅವನನ್ನ. ಅವನು ಬಾಯಿ ತೆರೆಯೋಕೆ ಮುಂಚೆ ನೀವೇ ಹೇಳಿಬಿಡ್ತೀರಲ್ಲ" ಅಂದರು. ಹದಿನೈದು ವರ್ಷ ನಾನು ಅದನ್ನೇ ಮಾಡಿದ್ದೆ, ನನಗೇ ಗೊತ್ತಿರಲಿಲ್ಲ. ಮಾರನೆ ದಿನ ಅದೇ ಪ್ರಶ್ನೆಗೆ ನಾನು ಸೆರಗು ಬಾಯಿಗಿಟ್ಟುಕೊಂಡು ಕೂತೆ. ತುಂಬ ಹೊತ್ತಾಯಿತು. ಆಮೇಲೆ ಅವನು, "ಚಪಾತಿ ಗಟ್ಟಿಯಿತ್ತು" ಅಂದ. ವಾರಗಳ ನಂತರ ಅವನಾಗಿಯೇ ಆಡಿದ ಮೊದಲ ಮಾತು ಅದು. ಮನೆಯವರನ್ನು ಹೊರಗಿಟ್ಟು ಮಗುವನ್ನು ಮಾತ್ರ ರಿಪೇರಿ ಮಾಡಿ ಕೊಡುತ್ತೇವೆ ಅನ್ನುವವರಿಗೆ ಇದು ಕಾಣುವುದೇ ಇಲ್ಲ. ಮಗು ಮಿಕ್ಸಿ ಅಲ್ವಲ್ಲ, ಕೊಟ್ಟು ಹೋಗಿ ಮೂರು ತಿಂಗಳಿಗೆ ತೆಗೆದುಕೊಂಡು ಬರೋಕೆ.

ಆಗ ನಮಗೆ ಕಾನೂನು ಹೇಳುವವರಿರಲಿಲ್ಲ. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ನಿನ್ನ ದೊಡ್ಡಪ್ಪ ಅದರ 87ನೇ ಸೆಕ್ಷನ್ ಪ್ರಿಂಟ್ ತೆಗೆಸಿ ಗಾಡ್ರೆಜ್‌ನಲ್ಲಿ ಇಟ್ಟಿದ್ದಾರೆ, ಮನೆಪತ್ರದ ಜೊತೆ. 18 ತುಂಬದವರ ಅಡ್ಮಿಷನ್ ಬಗ್ಗೆಯೇ ಇರುವ ಸೆಕ್ಷನ್ ಅದು. ಮಗುವಿನ ಜೊತೆ ಪೋಷಕರು, ಇಲ್ಲವೇ ಅವರು ನೇಮಿಸಿದವರೊಬ್ಬರು, ಅಡ್ಮಿಟ್ ಆದ ದಿನದಿಂದ ಡಿಸ್ಚಾರ್ಜ್‌ವರೆಗೂ ಇರಲೇಬೇಕು ಅಂತ ಅದರಲ್ಲಿದೆ. ಹೆಣ್ಣುಮಗುವಾಗಿದ್ದು ಪೋಷಕರು ಗಂಡಸಾಗಿದ್ದರೆ, ಜೊತೆಗೆ ಹೆಂಗಸೊಬ್ಬರು ಇರಬೇಕು. ಅಂದರೆ "45 ದಿನ ಬರಬೇಡಿ" ಅನ್ನುವುದು ಬರೀ ಕ್ರೂರ ಅಲ್ಲ, ಕಾನೂನಿಗೇ ವಿರುದ್ಧ. ಅದನ್ನು ಬ್ರೋಷರಿನಲ್ಲಿ ಬೇರೆ ಹಾಕಿಕೊಂಡಿದ್ದಾರೆ!

ಇನ್ನೂ ಇದೆ. ಇಬ್ಬರು ಮನೋವೈದ್ಯರು, ಅಥವಾ ಒಬ್ಬ ಮನೋವೈದ್ಯರ ಜೊತೆ ಇನ್ನೊಬ್ಬ ಡಾಕ್ಟರೋ ತಜ್ಞರೋ, ಬೇರೆ ಬೇರೆಯಾಗಿ ಮಗುವನ್ನು ನೋಡಿ ಇಬ್ಬರೂ ಒಪ್ಪಬೇಕು. ಮಗುವಿನ ಇಷ್ಟ ಏನು ಅಂತಲೂ ಗಮನಿಸಬೇಕು. ದೊಡ್ಡವರಿಂದ ಬೇರೆ ಕಡೆ ಇಡಬೇಕು. ಅಡ್ಮಿಟ್ ಆಗಿದ್ದನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. 30 ದಿನ ದಾಟಿದರೆ ಮತ್ತೆ ತಿಳಿಸಬೇಕು. ಎಲ್ಲಕ್ಕಿಂತ ದೊಡ್ಡದು, ನೀನು "ಸಾಕು, ಕರೆದುಕೊಂಡು ಹೋಗುತ್ತೇನೆ" ಅಂದರೆ ಬಿಡಬೇಕು. ಬೇರೆ ಸೆಕ್ಷನ್‌ಗಳಲ್ಲಿ ಸರಪಳಿ ಹಾಕುವಂತಿಲ್ಲ, ಒಂಟಿ ಕೋಣೆಯಲ್ಲಿ ಕೂಡುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸ್ವಂತ ಬಟ್ಟೆ ಹಾಕಿಕೊಳ್ಳಲು ಬಿಡಬೇಕು ಅಂತೆಲ್ಲ ಇದೆ. ತಲೆ ಬೋಳಿಸಬಾರದು ಅಂತ ಒಂದು ದೇಶ ಕಾನೂನಿನಲ್ಲಿ ಬರೆಯಬೇಕಾದರೆ ಎಷ್ಟು ತಲೆ ಬೋಳಿಸಿರಬೇಕು ನೋಡು. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದು 28 ಜನ ಸತ್ತಾಗ ಅವರ ಕಾಲಿಗೆ ಸರಪಳಿ ಇತ್ತು. ಓಡಲು ಆಗಲಿಲ್ಲ.

ಹಾಗಾದರೆ ಎಲ್ಲಿ? ಮೊದಲು ನಿಮ್ಹಾನ್ಸ್ ಮಕ್ಕಳ ವಿಭಾಗದಲ್ಲಿ ತೋರಿಸು. ಓಪಿಡಿಯಲ್ಲಿ ಕಾಯಬೇಕು, ರಶ್ ಜಾಸ್ತಿ, ಊಟದ ಡಬ್ಬಿ ತೆಗೆದುಕೊಂಡೇ ಹೋಗು. ಬೆಡ್ ತಕ್ಷಣ ಸಿಗದೇ ಇರಬಹುದು. ಧಾರವಾಡದ ಡಿಮ್ಹಾನ್ಸ್ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಗಳಿವೆ. ಪ್ರೈವೇಟ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವರೂ ಇದ್ದಾರೆ. ಆದರೆ ದುಡ್ಡು ಕಟ್ಟುವ ಮುಂಚೆ ಹೋಗಿ ನೋಡು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನು. ಮುಖ ಗಂಟಿಕ್ಕಿದರೆ ಎದ್ದು ಬಾ. ಮನೋವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ, ರಾತ್ರಿ ಹನ್ನೊಂದರ ಮೇಲೆ ನರ್ಸ್ ಇರುತ್ತಾರಾ ಅಥವಾ ವಾಚ್‌ಮನ್ನಾ, ನಾನೆಲ್ಲಿ ಮಲಗಬೇಕು, ಇದನ್ನೆಲ್ಲ ಕೇಳು. ಆಫೀಸಿನ ಸೋಫಾದಲ್ಲಿ ಕಾಫಿ ಕುಡಿಸಿ ಕಳಿಸಿದರೆ ಸಾಲದು. ಬಾತ್‌ರೂಮ್ ತೋರಿಸಿ ಅನ್ನು, ಅಡುಗೆಮನೆ ತೋರಿಸಿ ಅನ್ನು. ಅಲ್ಲಿರುವ ಮಕ್ಕಳು ನಿನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರಾ, ಅಥವಾ ಸಿಬ್ಬಂದಿ ಬಂದ ತಕ್ಷಣ ತಲೆ ತಗ್ಗಿಸುತ್ತಾರಾ ಅಂತ ಗಮನಿಸು. "100% ಗುಣ ಗ್ಯಾರಂಟಿ" ಅಂದರೆ ಅಲ್ಲಿಗೆ ಮುಗಿಯಿತು. ನನ್ನ ಹುಡುಗನಿಗೆ ಚಿಕಿತ್ಸೆ ಕೊಟ್ಟ ಯಾವ ಡಾಕ್ಟರೂ ಗ್ಯಾರಂಟಿ ಅನ್ನುವ ಪದ ಬಳಸಲಿಲ್ಲ.

ದುಡ್ಡಿನ ವಿಷಯ. ನಿನ್ನ ಗಂಡನ ಕಂಪನಿ ಇನ್ಶೂರೆನ್ಸ್ ಇದೆಯಲ್ಲ, ಮೈ ಕಾಯಿಲೆಗೆ ಕೊಡುವ ಹಾಗೆ ಮನಸ್ಸಿನ ಕಾಯಿಲೆಗೂ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಆದರೆ ಅಡ್ಮಿಟ್ ಆಗುವ ಜಾಗ ಆಸ್ಪತ್ರೆ ಅಂತ ಲೆಕ್ಕಕ್ಕೆ ಬರುತ್ತದಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಲಿ. ಹೊಲ ಗಿಲ ಅಡ ಇಡುವ ಮಾತು ಈಗಲೇ ಬೇಡ.

ಎಸ್‌ಎಸ್‌ಎಲ್‌ಸಿ ಹೋಗುತ್ತೆ ಅಂತ ನಿನ್ನ ಅತ್ತೆ ಕೊರಗುತ್ತಿದ್ದಾರೆ ಅಂದೆಯಲ್ಲ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಕೊಡುತ್ತಾರೆ. ಅವೂ ತಪ್ಪಿದರೆ ಮುಂದಿನ ವರ್ಷ. ಅವರು ಹರಕೆ ಹೊರುತ್ತೇನೆ ಅಂದರೆ ಹೊರಲಿ, ನಾನೂ ಘಾಟಿಗೆ ಹೊತ್ತಿದ್ದೆ. ಆದರೆ ಪೂಜೆ ಆಯ್ತು ಅಂತ ಮಾತ್ರೆ ನಿಲ್ಲಿಸಬಾರದು. ಈ ಮಾತ್ರೆಗಳು ಕೆಲಸ ಶುರು ಮಾಡಲು ಕೆಲವು ವಾರ ಹಿಡಿಯುತ್ತದೆ. ಹತ್ತೇ ದಿನಕ್ಕೆ "ಏನೂ ಆಗಿಲ್ಲ" ಅಂತ ಡಾಕ್ಟರ್ ಬದಲಾಯಿಸಬೇಡ.

ಚಿನ್ನುಗೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡ. "ಕಣ್ಣು ತೋರಿಸೋಕೆ", "ಮಾವನ ಮನೆಗೆ" ಇಂಥದ್ದೆಲ್ಲ ಬೇಡ. ಎಲ್ಲಿಗೆ, ಯಾಕೆ, ಎಷ್ಟು ದಿನ ಆಗಬಹುದು, ನಾನು ಜೊತೆಗಿರುತ್ತೇನೆ, ಇಷ್ಟು ನೇರವಾಗಿ ಹೇಳು. ಬೇಡ ಅಂತ ಕಿರುಚಬಹುದು. ಕಿರುಚಲಿ. ವ್ಯಾನಿಗಿಂತ ಅದು ಎಷ್ಟೋ ವಾಸಿ. ನೆಂಟರು ಕೇಳಿದರೆ "ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾಳೆ" ಅನ್ನು. ಸುಳ್ಳೂ ಅಲ್ಲ, ಜಾಸ್ತಿಯೂ ಅಲ್ಲ.

ಡಿಸ್ಚಾರ್ಜ್ ದಿನ ಎಲ್ಲ ಮುಗಿಯಿತು ಅಂದುಕೊಳ್ಳಬೇಡ. ನಮಗೆ ಕಷ್ಟ ಆಗಿದ್ದು ಮನೆಗೆ ಬಂದ ಮೊದಲ ಎರಡು ವಾರ. ಮುಂದಿನ ಅಪಾಯಿಂಟ್‌ಮೆಂಟ್ ತಾರೀಖು, ಮಾತ್ರೆ ಚೀಟಿ, ಸ್ಕೂಲಿಗೆ ಏನು ಹೇಳಬೇಕು, ಮತ್ತೆ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಇವೆಲ್ಲ ಕೈಗೆ ಸಿಕ್ಕ ಮೇಲೇ ಅಲ್ಲಿಂದ ಹೊರಡು.

ನಾನು ಬುಧವಾರ ಬೆಳಗಿನ ರೈಲಿಗೆ ಬರುತ್ತೇನೆ. ಅಡ್ಮಿಟ್ ಆದರೆ ರಾತ್ರಿ ಪಾಳಿ ನೀನು ಮಾಡು, ಹಗಲು ನಾನು ಕೂರುತ್ತೇನೆ. ಅಲ್ಲಿವರೆಗೆ ಯಾರಿಗೂ ಮುಂಗಡ ಕಟ್ಟಬೇಡ. ಒಂದು ಫ್ಲಾಸ್ಕು, ಒಂದು ತೆಳು ಹೊದಿಕೆ ಎತ್ತಿಡು.

ನಮ್ಮ ಹುಡುಗನಿಗೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಂದು ಮಾತಾಡಲಾ?" ಅಂದ. ನಾನು ಹೂಂ ಅನ್ನಲಿಲ್ಲ. ಚಿನ್ನುವನ್ನೇ ಕೇಳಿ ಹೇಳು.

ನಿನ್ನ,
ದೊಡ್ಡಮ್ಮ